ದೋಣಿಯ ಬ್ಯಾಟರಿಗೆ ಹೊಟ್ಟೆ ತುಂಬ ಚಾರ್ಜ್ ಮಾಡುವುದು ಹೇಗೆ?

14 ತಿಂಗಳಲ್ಲಿ ಎರಡು ಬ್ಯಾಟರಿ ಕೊಂದವನು ನಾನು. ಕಂಪನಿಯ ತಪ್ಪಲ್ಲ, ಅಂಗಡಿಯವರ ತಪ್ಪೂ ಅಲ್ಲ.

ಬಾಗಲಕೋಟೆ ಹತ್ತಿರ ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ನಮ್ಮದೊಂದು ಸಣ್ಣ ಫೈಬರ್ ದೋಣಿ ಇದೆ. ತಮ್ಮ ಸಂಜೆ ಬಲೆ ಬಿಟ್ಟು ಬರುತ್ತಾನೆ, ನಸುಕಿನಲ್ಲಿ ಹೋಗಿ ಎತ್ತುತ್ತಾನೆ. ಪೆಟ್ರೋಲ್ ಖರ್ಚು ತಾಳದೆ ಅದಕ್ಕೆ 12 ವೋಲ್ಟಿನ ಕರೆಂಟ್ ಮೋಟಾರ್ ಕೂಡಿಸಿದೆವು. ಸದ್ದಿಲ್ಲ, ಹೊಗೆ ಇಲ್ಲ. ಆದರೆ ಮೊದಲ ಬ್ಯಾಟರಿ ಎಂಟೇ ತಿಂಗಳಿಗೆ ಕೈಕೊಟ್ಟಿತು, ಎರಡನೆಯದು ಆರು ತಿಂಗಳಿಗೆ. ಅದನ್ನು ಹೊತ್ತುಕೊಂಡು ನವನಗರದ ಹಳೆಯ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಮುಚ್ಚಳ ತೆಗೆದು ಒಳಗೆ ಬ್ಯಾಟರಿ ಬಿಟ್ಟು ನೋಡಿದರು (ಅದು ಬೇರೆ ಬ್ಯಾಟರಿ, ಟಾರ್ಚು!). ಪ್ಲೇಟುಗಳ ಮೇಲೆ ಬೂದಿ ಬಳಿದಂತೆ ಬಿಳಿ ಬಣ್ಣ.

"ತಮ್ಮಾ, ದಿನಾ ಎಷ್ಟ್ ತಾಸ ಚಾರ್ಜಿಗೆ ಹಾಕ್ತೀರಿ?"

"ಎರಡ ಮೂರ ತಾಸ, ಕಾಕಾ."

"ಎತ್ತಿಗೆ ಅರೆಹೊಟ್ಟಿ ಮೇವು ಹಾಕಿ ದಿನಾ ಗಳೆ ಹೂಡಿದ್ರ ಅದು ಎಷ್ಟ್ ದಿನ ತಡದೀತು?"

ಅವತ್ತು ಅವರು ಕಲಿಸಿದ್ದು ಮತ್ತು ಆಮೇಲೆ ನಾವೇ ಕೈ ಸುಟ್ಟುಕೊಂಡು ಕಲಿತದ್ದು ಇಲ್ಲಿದೆ. ಮೂರನೇ ಬ್ಯಾಟರಿ ಈಗ ಮೂರನೇ ವರ್ಷದಲ್ಲಿದೆ. ಮನೆಯಲ್ಲಿ ಇನ್ವರ್ಟರ್ ಇರುವವರಿಗೂ ಇದರಲ್ಲಿ ಬಹಳಷ್ಟು ಉಪಯೋಗಕ್ಕೆ ಬರುತ್ತದೆ.

ಮೊದಲು, ನಿಮ್ಮ ಹತ್ತಿರ ಇರುವುದು ಯಾವ ಬ್ಯಾಟರಿ?

ಕಾರಹುಣ್ಣಿಮೆಗೆ ಕರಿ ಹರಿಯುವ ಎತ್ತು ಬೇರೆ, ದಿನಪೂರ್ತಿ ಹೊಲ ಹರಗುವ ಎತ್ತು ಬೇರೆ. ಕಾರು, ಟ್ರ್ಯಾಕ್ಟರ್ ಬ್ಯಾಟರಿ ಮೊದಲನೆಯ ಜಾತಿ. ಒಳಗೆ ತೆಳು ಪ್ಲೇಟುಗಳು ಜಾಸ್ತಿ ಇರುತ್ತವೆ. ಎಂಜಿನ್ ಎಬ್ಬಿಸಲು ಕೆಲವೇ ಸೆಕೆಂಡು ನೂರಾರು ಆಂಪಿಯರ್ ಕೊಡುತ್ತದೆ, ಅಷ್ಟೇ. ಅದನ್ನು ದಿನಾ ಬರಿದು ಮಾಡಿದರೆ ಕೆಲವು ತಿಂಗಳಲ್ಲಿ ಮುಗಿಯುತ್ತದೆ. ಡೀಪ್ ಸೈಕಲ್ ಬ್ಯಾಟರಿಯ ಪ್ಲೇಟುಗಳು ದಪ್ಪ. ಸ್ವಲ್ಪ ಸ್ವಲ್ಪವಾಗಿ ತಾಸುಗಟ್ಟಲೆ ಕರೆಂಟು ಕೊಡುತ್ತದೆ. ಇನ್ವರ್ಟರಿಗೆ ಹಾಕುವ ಟ್ಯೂಬುಲರ್ ಬ್ಯಾಟರಿ ಈ ಜಾತಿಯದೇ. ನೀರು ಹಾಕುವ ಮುಚ್ಚಳ ಇದ್ದರೆ ಅದು ಮಾಮೂಲಿ ಲೆಡ್ ಆಸಿಡ್, ಅಂದರೆ ಸೀಸದ ಪ್ಲೇಟು ಮತ್ತು ಆಸಿಡಿನದು. ಮುಚ್ಚಳವೇ ಇಲ್ಲದಿದ್ದರೆ ಎಜಿಎಂ, ಜೆಲ್ (ಇವೆರಡೂ ನೀರು ಹಾಕದ, ಮುಚ್ಚಿದ ಲೆಡ್ ಆಸಿಡ್) ಅಥವಾ ಲಿಥಿಯಂ ಇರಬಹುದು. ಲೇಬಲ್ ಓದಿ ಖಚಿತ ಮಾಡಿಕೊಳ್ಳಿ. ಒಂದೊಂದಕ್ಕೂ ಚಾರ್ಜರಿನ ಸೆಟ್ಟಿಂಗ್ ಬೇರೆ.

ಲೇಬಲ್ ಮೇಲೆ 100 ಎಎಚ್ (ಆಂಪಿಯರ್-ಅವರ್, ಅಂದರೆ ಬ್ಯಾಟರಿಯ ಹೊಟ್ಟೆ ಎಷ್ಟು ದೊಡ್ಡದು), ಸಿ20 (20 ತಾಸಿನ ಲೆಕ್ಕ) ಎಂದು ಬರೆದಿರುತ್ತದೆ. ಸತತವಾಗಿ 5 ಆಂಪಿಯರ್ ಎಳೆದರೆ 20 ತಾಸು ಬರುತ್ತದೆ ಎಂದು ಅರ್ಥ. 50 ಆಂಪಿಯರ್ ಎಳೆದರೆ 2 ತಾಸು ಬರುತ್ತದೆ ಎಂದು ಲೆಕ್ಕ ಹಾಕಬೇಡಿ, ಬರುವುದಿಲ್ಲ. ಜೋರಾಗಿ ಎಳೆದಷ್ಟೂ ಬ್ಯಾಟರಿ ತನ್ನಲ್ಲಿರುವುದನ್ನು ಪೂರ್ತಿ ಕೊಡುವುದಿಲ್ಲ.

ಎಷ್ಟು ಖರ್ಚು ಮಾಡಬೇಕು?

ಅರ್ಧ. ಅದಕ್ಕಿಂತ ಕೆಳಗೆ ಇಳಿಸದಿದ್ದರೆ ಒಳ್ಳೆಯದು. ಅಪರೂಪಕ್ಕೊಮ್ಮೆ 80 ಶೇಕಡಾ ಖಾಲಿಯಾದರೆ ಏನೂ ಆಗುವುದಿಲ್ಲ, ಅದೇ ರೂಢಿಯಾದರೆ ಬಾಳಿಕೆ ಇಳಿಯುತ್ತದೆ.

ತಮ್ಮನಿಗೆ ನಾನು ಹೇಳಿದ ಬುದ್ಧಿಮಾತು ಇಷ್ಟೇ: ಮೋಟಾರನ್ನು ಪೂರ್ತಿ ತಿರುವಬೇಡ. ನೀರಿನಲ್ಲಿ ವೇಗ ಎರಡು ಪಟ್ಟು ಬೇಕೆಂದರೆ ಸುಮಾರು 8 ಪಟ್ಟು ಶಕ್ತಿ ಬೇಕು. ಸಣ್ಣ ಮೋಟಾರುಗಳು ಫುಲ್ ಸ್ಪೀಡಿನಲ್ಲಿ 45-50 ಆಂಪಿಯರ್ ನುಂಗುತ್ತವೆ, ನಿಧಾನಕ್ಕೆ ಹೋದರೆ 10-15ರಲ್ಲಿ ಮುಗಿಯುತ್ತದೆ. ಹತ್ತು ನಿಮಿಷ ತಡವಾಗಿ ದಂಡೆ ಮುಟ್ಟಿದರೆ ಮೀನೇನು ಓಡಿಹೋಗುವುದಿಲ್ಲ, ಅಲ್ವಾ?

ಚಾರ್ಜಿಗೆ ಹಾಕುವ ಮುಂಚೆ

ಬ್ಯಾಟರಿಯನ್ನು ದೋಣಿಯಿಂದ ಇಳಿಸಿ. 30 ಕಿಲೋ ಮೇಲೆ ಇರುತ್ತದೆ, ಒಬ್ಬರೇ ಎತ್ತಿ ಸೊಂಟ ಹಿಡಿಸಿಕೊಳ್ಳಬೇಡಿ. ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಜೋಡಿಸುವಾಗ ಮೊದಲು ಪ್ಲಸ್, ಆಮೇಲೆ ಮೈನಸ್. ಪ್ಲಸ್ ಬಿಚ್ಚುವಾಗ ಪಾನಾ ತಪ್ಪಿ ಬೇರೆ ಕಬ್ಬಿಣಕ್ಕೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ.

ಗಾಳಿ ಆಡುವ ಜಾಗದಲ್ಲಿ ಇಡಿ. ನಾವು ಮನೆಯ ಮುಂದಿನ ಕಟ್ಟೆಯ ಮೇಲೆ ಇಡುತ್ತೇವೆ. ಚಾರ್ಜ್ ತುಂಬುತ್ತ ಬಂದಂತೆ ಒಳಗಿನಿಂದ ಹೈಡ್ರೋಜನ್ ಗಾಳಿ ಬರುತ್ತದೆ. ಕೋಣೆಯ ಗಾಳಿಯಲ್ಲಿ ಅದು 4 ಶೇಕಡಾ ಆದರೆ ಒಂದು ಕಿಡಿ ಸಾಕು. ಹತ್ತಿರ ಒಲೆ, ಬೀಡಿ, ಊದುಬತ್ತಿ ಯಾವುದೂ ಬೇಡ. ದೇವರ ಕೋಣೆಯ ಪಕ್ಕದಲ್ಲಿ ಬ್ಯಾಟರಿ ಇಟ್ಟವರನ್ನು ನಾನು ನೋಡಿದ್ದೇನೆ.

ಕ್ಲಿಪ್ ಹಚ್ಚಿದ ಮೇಲೆ ಚಾರ್ಜರಿನ ಸ್ವಿಚ್ ಹಾಕಿ. ತೆಗೆಯುವಾಗ ಮೊದಲು ಸ್ವಿಚ್ ಆರಿಸಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಆಸಿಡ್ ಸಿಡಿದರೆ ತಕ್ಷಣ ಧಾರಾಳ ನೀರಿನಿಂದ ಹದಿನೈದು ನಿಮಿಷ ತೊಳೆಯಿರಿ. ಕಣ್ಣಿಗೆ ಬಿದ್ದಿದ್ದರೆ ತೊಳೆದು ನೇರ ಡಾಕ್ಟರ್ ಹತ್ತಿರ ಹೋಗಿ.

ಚಾರ್ಜಿಂಗ್: ಅವಸರ ಬೇಡ

ನಾನು ಎಡವಿದ್ದು ಇಲ್ಲೇ. ದಂಡೆಗೆ ಬಂದ ಕೂಡಲೇ ಚಾರ್ಜಿಗೆ ಹಾಕುತ್ತಿದ್ದೆ. ಎರಡು ಮೂರು ತಾಸಿಗೆ ಮೀಟರಿನಲ್ಲಿ 14 ವೋಲ್ಟ್ ಕಾಣುತ್ತಿತ್ತು. ತುಂಬಿತು ಎಂದು ತೆಗೆಯುತ್ತಿದ್ದೆ. ತುಂಬಿರಲಿಲ್ಲ.

ಬ್ಯಾಟರಿ ತುಂಬುವುದು ಮೂರು ಹಂತದಲ್ಲಿ. ಮೊದಲ ಹಂತದಲ್ಲಿ ಚಾರ್ಜರ್ ತನ್ನ ಪೂರ್ತಿ ಕರೆಂಟು ಕೊಡುತ್ತದೆ, ವೋಲ್ಟೇಜ್ ಏರುತ್ತ ಹೋಗುತ್ತದೆ. ಸುಮಾರು 80 ಶೇಕಡಾ ತುಂಬುವವರೆಗೆ ಇದು ಬೇಗ ನಡೆಯುತ್ತದೆ. ಎರಡನೇ ಹಂತದಲ್ಲಿ ವೋಲ್ಟೇಜ್ 14.4ರಿಂದ 14.8ರ ನಡುವೆ ನಿಲ್ಲುತ್ತದೆ, ಕರೆಂಟು ನಿಧಾನವಾಗಿ ಇಳಿಯುತ್ತದೆ. ಉಳಿದ 20 ಶೇಕಡಾ ತುಂಬುವುದು ಇಲ್ಲಿ, ಇದಕ್ಕೇ ನಾಲ್ಕೈದು ತಾಸು ಬೇಕು. ಕೊಡ ತುಂಬುತ್ತ ಬಂದಾಗ ನಲ್ಲಿ ಸಣ್ಣಗೆ ಮಾಡುತ್ತೇವಲ್ಲ, ಹಾಗೆ. ಮೂರನೆಯದು ಫ್ಲೋಟ್. ತುಂಬಿದ ಬ್ಯಾಟರಿಯನ್ನು 13.5 ವೋಲ್ಟಿನ ಆಸುಪಾಸಿನಲ್ಲಿ ಸುಮ್ನೆ ಹಿಡಿದಿಡುತ್ತದೆ.

ಎರಡನೇ ಹಂತ ಮುಗಿಯುವ ಮುಂಚೆಯೇ ದಿನಾ ಬಿಚ್ಚಿದರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಉಳಿಯುತ್ತದೆ. ಮೊದಮೊದಲು ಮೆತ್ತಗಿರುತ್ತದೆ, ಮುಂದಿನ ಪೂರ್ತಿ ಚಾರ್ಜಿನಲ್ಲಿ ಕರಗುತ್ತದೆ. ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ. ಕಾಕಾ ತೋರಿಸಿದ ಆ ಬಿಳಿ ಬೂದಿ ಅದೇ.

ಎಷ್ಟು ಆಂಪಿಯರಿನ ಚಾರ್ಜರ್ ಬೇಕು? ಟ್ಯೂಬುಲರ್ ಆದರೆ ಬ್ಯಾಟರಿಯ ಎಎಚ್‌ನ ಹತ್ತನೇ ಒಂದು ಭಾಗ. 100 ಎಎಚ್‌ಗೆ 10 ಆಂಪಿಯರ್. ಅರ್ಧ ಖಾಲಿಯಾದ ಬ್ಯಾಟರಿ ಇದರಲ್ಲಿ ತುಂಬಲು 8ರಿಂದ 10 ತಾಸು ಹಿಡಿಯುತ್ತದೆ. ನಾವು ಮುಂಜಾನೆ ಬಲೆ ಎತ್ತಿ ಬಂದ ಮೇಲೆ ಹಾಕುತ್ತೇವೆ, ಸಂಜೆ ಹೊರಡುವ ಹೊತ್ತಿಗೆ ತಯಾರು. ನಡುವೆ ಕರೆಂಟು ಹೋದರೆ ಅಷ್ಟು ತಾಸು ಹೆಚ್ಚಿಗೆ ಸೇರಿಸಬೇಕು. ಮೂರೂ ಹಂತವನ್ನು ತಾನೇ ನೋಡಿಕೊಳ್ಳುವ ಚಾರ್ಜರ್ ತಗೊಳ್ಳಿ. ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರುಗಳು ನಿಲ್ಲುವುದೇ ಇಲ್ಲ, ಮರೆತರೆ ನೀರು ಕುದಿಸಿ ಬಿಡುತ್ತವೆ.

ಸೋಲಾರ್ ಇದ್ದರೆ? ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಆದರೆ 100 ವ್ಯಾಟಿನ ಒಂದು ಪ್ಯಾನೆಲ್ ದಿನಕ್ಕೆ 25-30 ಎಎಚ್ ಕೊಟ್ಟೀತು. 50 ಎಎಚ್ ಖರ್ಚಾಗಿದ್ದರೆ, ಚಾರ್ಜಿನಲ್ಲಿ ಸೋರುವುದನ್ನೂ ಸೇರಿಸಿ ಸುಮಾರು 60 ವಾಪಸ್ ಹಾಕಬೇಕು. ಎರಡು ದಿನ ಬೇಕಾಯಿತು. ಪ್ಯಾನೆಲ್ ಮತ್ತು ಬ್ಯಾಟರಿಯ ನಡುವೆ, ಅಳತೆ ಮೀರಿ ತುಂಬದಂತೆ ತಡೆಯುವ ಚಾರ್ಜ್ ಕಂಟ್ರೋಲರ್ ಇರಲೇಬೇಕು.

ತುಂಬಿತೋ ಇಲ್ಲವೋ ನೋಡುವುದು

ಟ್ಯೂಬುಲರ್ ಮುಚ್ಚಳದ ಮೇಲೆ ಕೆಂಪು, ಹಸಿರು ಗುರುತಿನ ಬೆಂಡು ಮೇಲೆ ಕೆಳಗೆ ಆಡುತ್ತದಲ್ಲ, ಅದು ನೀರಿನ ಮಟ್ಟ ತೋರಿಸುವುದು. ಚಾರ್ಜ್ ಅಲ್ಲ. ಒಂದು ವರ್ಷ ನಾನು ಅದನ್ನು ಚಾರ್ಜ್ ಎಂದೇ ತಿಳಿದಿದ್ದೆ!

ಮಲ್ಟಿಮೀಟರಿನಿಂದ ನೋಡುವುದಾದರೆ ಚಾರ್ಜರ್ ತೆಗೆದು ಕನಿಷ್ಠ ಐದಾರು ತಾಸು ಬ್ಯಾಟರಿಯನ್ನು ತಟ್ಟದೆ ಬಿಡಿ. ಆಮೇಲೆ 12.6ರಿಂದ 12.7 (ಟ್ಯೂಬುಲರ್ ಆದರೆ 12.5ರ ಆಸುಪಾಸು) ಇದ್ದರೆ ತುಂಬಿದೆ. 12.2 ಅಂದರೆ ಅರ್ಧ. 12.0ಕ್ಕೆ ಇಳಿದಿದ್ದರೆ ಕಾಲು ಭಾಗ ಉಳಿದಿದೆ. ಬಿಸಿಬಿಸಿ ತೆಗೆದ ಕೂಡಲೇ ನೋಡಿದರೆ ಸುಳ್ಳು ಹೇಳುತ್ತದೆ.

ಇದಕ್ಕಿಂತ ನಂಬಿಕೆಯ ಸಾಧನ ಹೈಡ್ರೋಮೀಟರ್. ಆಸಿಡ್ ನೀರಿಗಿಂತ ಎಷ್ಟು ಪಟ್ಟು ಭಾರ ಎಂದು ಅದು ತೋರಿಸುತ್ತದೆ, ಚಾರ್ಜ್ ತುಂಬಿದಷ್ಟೂ ಆಸಿಡ್ ಭಾರ. ಮುಚ್ಚಳ ತೆಗೆದು ಆಸಿಡ್ ಹೀರಿ ಬೆಂಡು ಎಷ್ಟಕ್ಕೆ ನಿಂತಿತು ನೋಡುವುದು. ಟ್ಯೂಬುಲರ್‌ನಲ್ಲಿ ತುಂಬಿದಾಗ ಸಾಮಾನ್ಯವಾಗಿ 1.240ರ ಆಸುಪಾಸು, ಬೇರೆ ಕೆಲವು ಡೀಪ್ ಸೈಕಲ್ ಬ್ಯಾಟರಿಗಳಲ್ಲಿ 1.265-1.280. ನಿಮ್ಮ ಕಂಪನಿಯ ಪುಸ್ತಕದಲ್ಲಿ ಇರುವುದೇ ಲೆಕ್ಕ. ಆರೂ ಸೆಲ್ (ಒಂದೊಂದು ಮುಚ್ಚಳದ ಕೆಳಗಿನ ಒಂದೊಂದು ಕೋಣೆ) ನೋಡಿ ಬರೆದಿಡಿ. ಐದು ಒಂದೇ ತರಹ ಇದ್ದು ಒಂದು ಮಾತ್ರ 0.030ಕ್ಕಿಂತ ಹೆಚ್ಚು ಹಿಂದೆ ಬಿದ್ದಿದ್ದರೆ ಎಚ್ಚರ. ಅಂಥ ಹೊತ್ತಿನಲ್ಲಿ ಎಲ್ಲ ಸೆಲ್ ಸಮಕ್ಕೆ ತರಲು ಈಕ್ವಲೈಜ್ ಚಾರ್ಜ್ ಕೊಡುತ್ತಾರೆ. ಪೂರ್ತಿ ತುಂಬಿದ ಮೇಲೆ ಕಡಿಮೆ ಕರೆಂಟಿನಲ್ಲಿ 15.5 ವೋಲ್ಟಿನವರೆಗೆ ಎರಡು ಮೂರು ತಾಸು. ಇದು ನೀರು ಹಾಕುವ ಬ್ಯಾಟರಿಗೆ ಮಾತ್ರ. ಎಜಿಎಂ, ಜೆಲ್‌ಗೆ ಹೀಗೆ ಮಾಡಿದರೆ ಅವು ಹೋದಂತೆಯೇ.

ನೀರು

ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರಿನ ನೀರು ಬೇಡ. ನಮ್ಮ ಬೋರಿನ ನೀರು ಕುದಿಸಿದ ಪಾತ್ರೆಯ ತಳದಲ್ಲಿ ಸುಣ್ಣ ಹಿಡಿದಿರುವುದನ್ನು ನೋಡಿದ್ದೀರಲ್ಲ, ಅದೇ ಪ್ಲೇಟಿಗೂ ಹೋಗುತ್ತದೆ. ಫಿಲ್ಟರಿನ ನೀರೂ ಬೇಡ. ಆಸಿಡ್ ಅಂತೂ ಎಂದೂ ಹಾಕಬೇಡಿ, ಆರುವುದು ನೀರು ಮಾತ್ರ.

ಪೂರ್ತಿ ಚಾರ್ಜ್ ಆದ ಮೇಲೆ ನೀರು ಹಾಕಬೇಕು. ಚಾರ್ಜ್ ಆಗುವಾಗ ಮಟ್ಟ ಏರುತ್ತದೆ, ಮೊದಲೇ ತುಂಬ ಹಾಕಿದರೆ ಆಸಿಡ್ ಹೊರಗೆ ಉಕ್ಕುತ್ತದೆ. ಪ್ಲೇಟು ಬರಿದಾಗಿ ಕಂಡರೆ ಮಾತ್ರ ಮೊದಲು ಅದು ಮುಳುಗುವಷ್ಟು ಹಾಕಿ ಚಾರ್ಜಿಗೆ ಇಡಿ.

ಮಾರ್ಚ್‌ನಿಂದ ಮೇವರೆಗೆ ನಾವು 15 ದಿನಕ್ಕೊಮ್ಮೆ ನೋಡುತ್ತೇವೆ. ಬಾಗಲಕೋಟೆ, ವಿಜಯಪುರದ ಬಿಸಿಲು 40 ದಾಟುವ ದಿನಗಳವು. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಬ್ಯಾಟರಿಯ ಆಯುಷ್ಯ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತದೆ. ದೋಣಿಯಲ್ಲಿ ಬಿಸಿಲಿಗೆ ಬಿಟ್ಟು ಬರಬೇಡಿ. ಒದ್ದೆ ಗೋಣಿಚೀಲ ಹೊದಿಸುವ ಉಪಾಯವೂ ಬೇಡ, ನೆರಳಿದ್ದರೆ ಸಾಕು. ಚಾರ್ಜಿನ ವೋಲ್ಟೇಜನ್ನೂ ಇಳಿಸಬೇಕು, 25ರ ಮೇಲೆ ಪ್ರತಿ ಡಿಗ್ರಿಗೆ ಸುಮಾರು 0.03 ವೋಲ್ಟ್. 14.6 ಕೊಡುವಲ್ಲಿ 40 ಡಿಗ್ರಿಗೆ 14.2 ಸಾಕು. ಒಳ್ಳೆಯ ಚಾರ್ಜರಿಗೆ ಉಷ್ಣ ನೋಡುವ ವೈರ್ ಇರುತ್ತದೆ. ಮುಟ್ಟಿದರೆ ಸುಡುವಷ್ಟು ಬಿಸಿಯಾಗಿದ್ದರೆ ನಿಲ್ಲಿಸಿ, ತಣ್ಣಗಾದ ಮೇಲೆ ಮುಂದುವರಿಸಿ.

ದೋಣಿಯೊಳಗೆ

ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಬೆಲ್ಟಿನಿಂದ ಕಟ್ಟಿ. ಪೆಟ್ಟಿಗೆಗೆ ಗಾಳಿ ಹೋಗುವ ತೂತು ಇರಲಿ. ಪ್ಲಸ್ ವೈರಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಫ್ಯೂಸ್ ಹಾಕಿ. ಟರ್ಮಿನಲ್ ಮೇಲೆ ಹಸಿರು, ಬಿಳಿ ಪುಡಿ ಕಟ್ಟಿದರೆ ನೀರಿನಲ್ಲಿ ಅಡುಗೆ ಸೋಡಾ ಕಲಸಿ ಹಳೆಯ ಹಲ್ಲಿನ ಬ್ರಷ್‌ನಿಂದ ತಿಕ್ಕಿ. ಸೋಡಾ ನೀರು ಮುಚ್ಚಳದೊಳಗೆ ಇಳಿಯಬಾರದು. ಒರೆಸಿ, ನಟ್ ಬಿಗಿದು, ವ್ಯಾಸಲೀನ್ ಸವರಿ. ಸಡಿಲ ನಟ್ಟಿನಿಂದಲೇ ಒಮ್ಮೆ ನಮ್ಮ ಟರ್ಮಿನಲ್ ಕರಗಿತ್ತು.

ಹೊಳೆಗೆ ಕೆಂಪು ನೀರು ಬಂದಾಗ

ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದು ಹೊಳೆ ಏರಿದರೆ ನಮ್ಮ ದೋಣಿ ದಂಡೆಗೆ ಬೋರಲು ಬೀಳುತ್ತದೆ. ಆಗ ಬ್ಯಾಟರಿಯನ್ನು ಮರೆಯುವವರೇ ಜಾಸ್ತಿ. ಬಳಸದಿದ್ದರೂ ಅದು ತಿಂಗಳಿಗೆ ಸುಮಾರು 5 ಶೇಕಡಾ ತಾನೇ ಇಳಿಯುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಪೂರ್ತಿ ತುಂಬಿಸಿ, ಮೈ ಒರೆಸಿ, ವೈರ್ ಬಿಚ್ಚಿ ಒಳಗಿಡಿ. ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿ. ನಾವು ಅಮವಾಸ್ಯೆಗೊಮ್ಮೆ ಹಾಕುತ್ತೇವೆ, ನೆನಪಿಡಲು ಸುಲಭ. ನೆಲಕ್ಕಿಟ್ಟರೆ ಬ್ಯಾಟರಿ ಇಳಿಯುತ್ತದೆ ಎಂಬುದು ಹಳೆಯ ಮಾತು, ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಅದು ಅನ್ವಯಿಸುವುದಿಲ್ಲ.

ಲಿಥಿಯಂ ಹಾಕಿಸಿಕೊಂಡರೆ?

ಹಗುರ, 80 ಶೇಕಡಾವರೆಗೆ ಧೈರ್ಯವಾಗಿ ಬಳಸಬಹುದು, ನೀರಿನ ಕೆಲಸವಿಲ್ಲ. ಅರೆಬರೆ ಚಾರ್ಜ್ ಆದರೂ ಅದಕ್ಕೆ ತೊಂದರೆ ಇಲ್ಲ. ಬೆಲೆ ಜಾಸ್ತಿ, ಚಾರ್ಜರ್ ಬೇರೆಯೇ ಬೇಕು. ಲೆಡ್ ಆಸಿಡಿನ ಈಕ್ವಲೈಜ್ ಮೋಡ್ ಅದಕ್ಕೆ ತಾಗಲೇಬಾರದು. ನಮ್ಮದು ಸತ್ತ ಮೇಲೆ ನೋಡೋಣ ಎಂದು ತಮ್ಮ ಅನ್ನುತ್ತಾನೆ. ನನಗೆ ಇನ್ನೂ ಒಂದೆರಡು ವರ್ಷ ಅದನ್ನು ಸಾಯಿಸುವ ಇರಾದೆ ಇಲ್ಲ.

ಸತ್ತ ಬ್ಯಾಟರಿಯ ಬಗ್ಗೆ ಒಂದು ಮಾತು ಉಳಿಯಿತು. ಗುಜರಿಯವರು ಕೆಲವೊಮ್ಮೆ ಆಸಿಡ್ ಚೆಲ್ಲಿ ತನ್ನಿ ಅನ್ನುತ್ತಾರೆ. ಆ ಆಸಿಡಿನಲ್ಲಿ ಸೀಸ ಇರುತ್ತದೆ, ಚೆಲ್ಲಿದ ಜಾಗ ನಮ್ಮದೇ ಹೊಲ, ನಮ್ಮದೇ ಹೊಳೆ. ಹಾಗೆಯೇ ಹೊತ್ತುಕೊಂಡು ಹೊಸದು ತರುವ ಅಂಗಡಿಗೇ ಕೊಡಿ. ಹಳೆಯದಕ್ಕೆ ಹೊಸದರ ಬೆಲೆಯಲ್ಲಿ ಕಡಿತ ಸಿಗುತ್ತದೆ. ನಮ್ಮ ಎರಡೂ ಬ್ಯಾಟರಿ ಹೋದದ್ದು ಹಾಗೆಯೇ, ಕಾಕಾ ಒಂದಿಷ್ಟು ಬೈದ ಮೇಲೆ.