ಕಲ್ಲೇಟಿಗೆ ಹಾರಿದ ಪೇಂಟ್: ಕಂಪನಿ ಪದರ ಉಳಿಸಿಕೊಂಡು ಟಚಪ್ ಮಾಡುವ ನನ್ನ ಕ್ರಮ

ಬಾನೆಟ್ ಮೇಲೆ ಕಲ್ಲು ಹೊಡೆದು ಪೇಂಟ್ ಹಾರಿದ್ದು ಕಂಡರೆ ನಾನು ಮೊದಲು ನೋಡುವುದು ಆ ಗುಳಿಯ ತಳದ ಬಣ್ಣ. ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಪದರಗಳು ಒಂದೊಂದಾಗಿ ಕಾಣುತ್ತವೆ. ತಳದಲ್ಲೂ ಕಾರಿನ ಬಣ್ಣವೇ ಇದ್ದು ಹೊಳಪು ಮಾತ್ರ ಹೋಗಿದ್ದರೆ ಏಟು ಬಿದ್ದಿರುವುದು ಎಲ್ಲಕ್ಕಿಂತ ಮೇಲಿನ ಪಾರದರ್ಶಕ ಪದರಕ್ಕೆ, ಅಂದರೆ ಕ್ಲಿಯರ್ ಕೋಟಿಗಷ್ಟೇ. ಬಿಳಿ ಅಥವಾ ತಿಳಿ ಬೂದು ಕಂಡರೆ ಸಾಮಾನ್ಯವಾಗಿ ಅದು ಬಣ್ಣದಡಿಯ ಪದರ, ಪ್ರೈಮರ್. ಅದರಡಿಯ ಮಂಕಾದ ಕಡುಬೂದು ಅಥವಾ ಕಪ್ಪು ಪದರ ಇ-ಕೋಟ್, ಅಂದರೆ ಕಾರ್ಖಾನೆಯಲ್ಲಿ ತಗಡಿಗೆ ಕೂರಿಸಿದ ತುಕ್ಕುತಡೆಯ ಪದರ. ಅದು ಉಳಿದಿದ್ದರೆ ತಗಡು ಇನ್ನೂ ಮುಚ್ಚಿಕೊಂಡೇ ಇದೆ, ಅವಸರ ಬೇಡ. ಮಿಂಚುವ ಲೋಹವೋ ಕಂದು ಚುಕ್ಕೆಯೋ ಕಂಡರೆ ಮಾತ್ರ ಆ ವಾರವೇ ಕೆಲಸಕ್ಕೆ ಕೂರಬೇಕು. ಮಂಗಳೂರು, ಕಾರವಾರದ ಕಡೆಯ ಉಪ್ಪುಗಾಳಿಯಲ್ಲಿ ಓಡುವ ಕಾರಾದರೆ ಇನ್ನೂ ಬೇಗ.

ಕಾರ್ಖಾನೆಯಲ್ಲಿ ತಗಡಿಗೆ ಮೊದಲು ಫಾಸ್ಫೇಟ್ ಸಂಸ್ಕಾರ. ಆಮೇಲೆ ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಕೂರಿಸುವ ಇ-ಕೋಟ್ ಸುಮಾರು 20 ಮೈಕ್ರಾನ್. ಅದರ ಮೇಲೆ 30ರಿಂದ 40 ಮೈಕ್ರಾನ್ ಪ್ರೈಮರ್, 12ರಿಂದ 20 ಮೈಕ್ರಾನ್ ಬಣ್ಣ, 35ರಿಂದ 50 ಮೈಕ್ರಾನ್ ಕ್ಲಿಯರ್. ಎಲ್ಲ ಸೇರಿದರೂ ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟೇ. ಇ-ಕೋಟ್ ಬೇಯುವುದು 160ರಿಂದ 180 ಡಿಗ್ರಿಯಲ್ಲಿ, ಕ್ಲಿಯರ್ ಸುಮಾರು 140ರಲ್ಲಿ. ಪೇಂಟ್ ಹೊಡೆದು ಒಣಗಿಸುವ ಗ್ಯಾರೇಜಿನ ಬೂತ್ ಎಷ್ಟೇ ಚೆನ್ನಾಗಿದ್ದರೂ 60 ಡಿಗ್ರಿಯ ಆಸುಪಾಸಿನಲ್ಲೇ ಕೆಲಸ ಮುಗಿಸಬೇಕು, ಏಕೆಂದರೆ ವೈರಿಂಗ್, ಪ್ಲಾಸ್ಟಿಕ್, ಟ್ಯಾಂಕ್ ಎಲ್ಲ ಕೂಡಿಸಿದ ಕಾರನ್ನು ಅದಕ್ಕಿಂತ ಕಾಯಿಸುವ ಹಾಗಿಲ್ಲ. ಹಾಗಾಗಿ ಕಂಪನಿಯಿಂದ ಬಂದ ಇ-ಕೋಟ್ ಒಮ್ಮೆ ಉಜ್ಜಿ ತೆಗೆದರೆ ಅದನ್ನು ಮತ್ತೆ ದುಡ್ಡು ಕೊಟ್ಟು ಹಾಕಿಸಲು ಆಗುವುದಿಲ್ಲ. ಹತ್ತಿಪ್ಪತ್ತು ಚುಕ್ಕೆಗೋಸ್ಕರ ಇಡೀ ಬಾನೆಟ್ ಪೇಂಟ್ ಮಾಡಿಸಬೇಡಿ ಎಂದು ನಾನು ಹಟ ಹಿಡಿದು ಹೇಳುವುದು ಇದಕ್ಕೇ.

ರೀಪೇಂಟ್ ಮೇಲೆ ಮತ್ತೆ ಕಲ್ಲು ಬಿದ್ದಾಗ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹಳೆಯ ಪದರ, ಪುಟ್ಟಿ, ಪ್ರೈಮರ್, ಹೊಸ ಬಣ್ಣ ಎಲ್ಲ ಒಂದರ ಮೇಲೊಂದು ಕೂತು ದಪ್ಪ ಹೆಚ್ಚಿರುತ್ತದೆ. ಕಂಪನಿ ಪೇಂಟಿನಲ್ಲಿ ಸಾಸಿವೆಯಷ್ಟು ಹಾರುವ ಕಡೆ ಇಲ್ಲಿ ಉಗುರಿನಗಲ ಚಕ್ಕೆ ಏಳುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ನೋಡುವಾಗ ನಾನು ಪೇಂಟಿನ ದಪ್ಪ ಅಳೆಯುವ ಥಿಕ್‌ನೆಸ್ ಗೇಜ್ ಹಿಡಿಯುವುದೂ ಈ ಕಾರಣಕ್ಕೇ. 90ರಿಂದ 150 ಮೈಕ್ರಾನ್ ಬಂದರೆ ಬಹುತೇಕ ಮೂಲ ಪೇಂಟ್, 200 ದಾಟಿದರೆ ಮತ್ತೆ ಹೊಡೆಸಿದ್ದು, 500ಕ್ಕಿಂತ ಮೇಲಾದರೆ ಒಳಗೆ ಪುಟ್ಟಿ ಇದೆ. ಪ್ಲಾಸ್ಟಿಕ್ ಬಂಪರ್ ಮೇಲೆ ಈ ಗೇಜ್ ಓದುವುದಿಲ್ಲ.

ಇನ್ಶೂರೆನ್ಸ್ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಝೀರೋ ಡೆಪ್, ಅಂದರೆ ಸವಕಳಿ ಕಳೆಯದ ರಕ್ಷಣೆ, ಇಲ್ಲದ ಪಾಲಿಸಿಯಲ್ಲಿ ಪೇಂಟ್ ಸಾಮಗ್ರಿಗೆ 50% ಸವಕಳಿ ಕಳೆಯುತ್ತಾರೆ, ಕಡ್ಡಾಯ ಕಡಿತ ಬೇರೆ, ಮೇಲೆ 20%ರಿಂದ 50%ವರೆಗೆ ಬೆಳೆಸಿಕೊಂಡು ಬಂದ ನೋ ಕ್ಲೇಮ್ ಬೋನಸ್ ಕೈಬಿಡುತ್ತದೆ. ಕಲ್ಲೇಟಿನ ಚುಕ್ಕೆಗಾಗಿ ಕ್ಲೇಮ್ ಹಾಕುವುದು ಗಿಟ್ಟುವ ಮಾತಲ್ಲ.

ಟಚಪ್‌ಗೆ ಬೇಕಾದ ಸಾಮಾನು ಹೆಚ್ಚೇನಿಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್, ಮಾಸ್ಕಿಂಗ್ ಟೇಪ್, ಮರದ ಟೂತ್‌ಪಿಕ್, ಸೊನ್ನೆ ನಂಬರಿನ ಚಿತ್ರಕಲೆಯ ಬ್ರಷ್, ತುಕ್ಕನ್ನು ಮಾರ್ಪಡಿಸುವ ಫಾಸ್ಫಾರಿಕ್ ಆಮ್ಲ ಆಧಾರಿತ ರಸ್ಟ್ ಕನ್ವರ್ಟರ್, ಎರಡು ಪ್ಯಾಕಿನ ಎಪಾಕ್ಸಿ ಪ್ರೈಮರ್, ಶೇಡ್ ಹೊಂದಿಸಿದ ಬಣ್ಣ ಅಂದರೆ ಬೇಸ್ ಕೋಟ್, ತಿನ್ನರ್, ಗಟ್ಟಿಗೊಳಿಸುವ ಹಾರ್ಡನರ್ ಕಲಸಿ ಬಳಸುವ 2ಕೆ ಕ್ಲಿಯರ್, 400, 2000 ಮತ್ತು 3000 ನಂಬರಿನ ವಾಟರ್ ಪೇಪರ್, ರಬ್ಬಿಂಗ್ ಕಾಂಪೌಂಡ್. ಅಳತೆಗೆ ಮೆಡಿಕಲ್ ಶಾಪಿನ ಸೂಜಿಯಿಲ್ಲದ ಸಿರಿಂಜ್. ಬಣ್ಣದ ಹೆಸರು ಹೇಳಿ ಪೇಂಟ್ ಕೇಳಬೇಡಿ, ಕೋಡ್ ಕೊಡಿ. ಬಾಗಿಲ ಕಂಬದ ಸ್ಟಿಕ್ಕರಿನಲ್ಲೋ ಎಂಜಿನ್ ಬಳಿಯ ಪ್ಲೇಟಿನಲ್ಲೋ ಅದು ಇರುತ್ತದೆ. ಮಾರುತಿ ಸುಜುಕಿಯ ಸುಪೀರಿಯರ್ ವೈಟ್ ಆದರೆ 26ಯು, ಸಿಲ್ಕಿ ಸಿಲ್ವರ್ ಆದರೆ ಝಡ್2ಎಸ್, ಹೀಗೆ. ಬೆಂಗಳೂರಾದರೆ ಜೆ.ಸಿ. ರಸ್ತೆಯ ಸುತ್ತಮುತ್ತ ಕೇಳಿದರೆ ಪೇಂಟ್ ಕಲಸಿ ಕೊಡುವ ಅಂಗಡಿ ಸಿಗುತ್ತದೆ. ಕೋಡ್ ಒಂದೇ ಇದ್ದರೂ ಬಿಸಿಲಿಗೆ ಮಾಸಿದ ಕಾರಿಗೆ ಹೊಸ ಬಣ್ಣ ಕೂರುವುದಿಲ್ಲ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಚ್ಚಿಕೊಂಡು ಹೋಗಿ ಅದಕ್ಕೆ ಹೊಂದಿಸಿಕೊಂಡು ಬರುವುದು ಒಳ್ಳೆಯದು.

ಕಾರು ತೊಳೆದು ಒಣಗಿಸಿ, ಆಲ್ಕೋಹಾಲ್‌ನಲ್ಲಿ ಜಾಗ ಒರೆಸಿ ವ್ಯಾಕ್ಸ್ ತೆಗೆಯಿರಿ. ಮುಂದಿನ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ: ಸಡಿಲಾದ ಅಂಚನ್ನು ಎಬ್ಬಿಸಿ ತೆಗೆಯುವುದು. ಪೇಂಟ್ ಕಂಪನಿಗಳ ಪರೀಕ್ಷೆಯಲ್ಲಿ, ಉದಾಹರಣೆಗೆ ಎಸ್‌ಎಇ ಜೆ400 ಎಂಬ ಕಲ್ಲೇಟಿನ ಪರೀಕ್ಷೆಯಲ್ಲಿ, ಗಾಳಿಯ ಒತ್ತಡದಿಂದ ಜಲ್ಲಿ ಚಿಮ್ಮಿಸಿದ ಮೇಲೆ ಟೇಪ್ ಅಂಟಿಸಿ ಕಿತ್ತು, ಆಮೇಲೆ ಪೇಂಟ್ ಹಾರಿದ ಚುಕ್ಕೆಗಳನ್ನು ಎಣಿಸುತ್ತಾರೆ. ಏಟು ಬಿದ್ದ ಜಾಗಕ್ಕಿಂತ ಅದರ ಸುತ್ತ ಹಿಡಿತ ಬಿಟ್ಟ ಜಾಗ ದೊಡ್ಡದಿರುತ್ತದೆ, ಅದಕ್ಕೆ. ನಾನೂ ಅದನ್ನೇ ಮಾಡುತ್ತೇನೆ. ಗಟ್ಟಿ ಟೇಪ್ ಒತ್ತಿ ಸರಕ್ಕನೆ ಎಳೆಯುವುದು, ಟೂತ್‌ಪಿಕ್ ತುದಿಯಿಂದ ಅಂಚನ್ನು ಸುತ್ತ ತಡವುವುದು. ಗುಳಿ ಸ್ವಲ್ಪ ದೊಡ್ಡದಾದರೂ ಪರವಾಗಿಲ್ಲ. ಸಡಿಲ ಅಂಚಿನ ಮೇಲೆ ಪೇಂಟ್ ತುಂಬಿದರೆ ಅಡಿಯಲ್ಲಿ ನೀರು ಹರಿದಾಡಿ, ಒಂದೆರಡು ಮಳೆಗಾಲದಲ್ಲಿ ಹಪ್ಪಳದಂತೆ ಉಬ್ಬುತ್ತದೆ.

ತುಕ್ಕು ಇದ್ದರೆ 400ರ ಪೇಪರನ್ನು ಚಿಕ್ಕದಾಗಿ ಮಡಚಿ ಅದರ ಮೂಲೆಯಿಂದ ಗುಳಿಯೊಳಗಷ್ಟೇ ಕೆರೆಯಿರಿ. ಗ್ಯಾಲ್ವನೈಸ್ಡ್ ತಗಡಾದರೆ ಬೂದು ಸತುವಿನ ಪದರ ಕಂಡ ಕೂಡಲೇ ನಿಲ್ಲಿಸಿ. ತುಕ್ಕು ತಡೆಯುವುದೇ ಅದು. ಅಲ್ಯೂಮಿನಿಯಂ ಬಾನೆಟ್ ಆದರೆ ಬಿಳಿ ಪುಡಿ ಕಾಣುತ್ತದೆ. ಕೆರೆದು ಒರೆಸಿದರೆ ಸಾಕು, ಕನ್ವರ್ಟರ್ ಬೇಡ. ಉಕ್ಕಿನ ಮೇಲೆ ಉಳಿದ ಕಪ್ಪು ಚುಕ್ಕೆಗಳಿಗೆ ಟೂತ್‌ಪಿಕ್ ತುದಿಯಲ್ಲಿ ಕನ್ವರ್ಟರ್ ಮುಟ್ಟಿಸಿ, ಬಾಟಲಿ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ನೀರಿನಲ್ಲಿ ಚೆನ್ನಾಗಿ ಒರೆಸಿ, ಹೇರ್ ಡ್ರೈಯರ್‌ನಲ್ಲಿ ಒಣಗಿಸಿ. ಆಮ್ಲ ಉಳಿದ ಜಾಗದಲ್ಲಿ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ.

ಪ್ರೈಮರ್ ಬರಿಯ ಲೋಹಕ್ಕೆ ಮಾತ್ರ, ಅದೂ ಒಂದೇ ತೆಳು ಪದರ. ಡಬ್ಬಿ ಮೇಲಿನ ಅನುಪಾತವನ್ನು ಸಿರಿಂಜಿನಲ್ಲಿ ಅಳೆದು 2 ಮಿ.ಲೀ. ಕಲಸಿಕೊಂಡರೆ ಒಂದು ಬಾನೆಟ್ಟಿಗೆ ಮಿಗುತ್ತದೆ. ರಾತ್ರಿಯಿಡೀ ಬಿಡಿ.

ಬಣ್ಣ ಹಾಕುವ ಕೈ ಬೇರೆ ರೀತಿ ಇರಬೇಕು. ಬೇಸ್ ಕೋಟ್ ಎರಡು ಪಾಲಿಗೆ ತಿನ್ನರ್ ಒಂದು ಪಾಲು. ಮೆಟಾಲಿಕ್ ಆದರೆ ಪ್ರತಿ ಸಲ ಅದ್ದುವ ಮೊದಲೂ ಕಲಕಿ, ಹೊಳಪಿನ ಲೋಹದ ಪುಡಿ ತಳಕ್ಕೆ ಇಳಿದಿರುತ್ತದೆ. ಟೂತ್‌ಪಿಕ್ ತುದಿಯಲ್ಲಿ ಸಣ್ಣ ಹನಿ ತೆಗೆದುಕೊಂಡು ಗುಳಿಯ ನಡುವೆ ಮುಟ್ಟಿಸಿದರೆ ಅದು ತಾನೇ ಅಂಚಿನವರೆಗೆ ಹರಡುತ್ತದೆ. ಬ್ರಷ್‌ನಿಂದ ಎಳೆಯಬೇಡಿ, ಎಳೆದರೆ ತಿನ್ನರ್ ಕೆಳಗಿನ ಪದರವನ್ನು ಕರಗಿಸಿಕೊಂಡು ಬರುತ್ತದೆ. ತಿನ್ನರ್ ಆರಿದಂತೆ ಪೇಂಟ್ ಕುಗ್ಗಿ ಗುಳಿ ಬೀಳುತ್ತದೆ, ಹಾಗಾಗಿ ಅರ್ಧ ಗಂಟೆ ಬಿಟ್ಟು ಬಿಟ್ಟು ಮೂರು ನಾಲ್ಕು ಸಲ. ಸುತ್ತಲಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿರುವಾಗಲೇ ನಿಲ್ಲಿಸಿ, ಏಕೆಂದರೆ ಮೇಲೆ ಕ್ಲಿಯರ್‌ಗೆ ಜಾಗ ಬೇಕು. ಮಟ್ಟದವರೆಗೆ ಬಣ್ಣ ತುಂಬಿದರೆ ಕೊನೆಗೆ ಉಜ್ಜುವಾಗ ಬಣ್ಣವೇ ಸವೆದು ಮಂಕು ಚುಕ್ಕೆ ಉಳಿಯುತ್ತದೆ. ಈ ಪುಡಿ ಇಲ್ಲದ ಬಿಳಿ ಸಾಲಿಡ್ ಬಣ್ಣ ಚೆನ್ನಾಗಿ ಕೂಡಿಕೊಳ್ಳುತ್ತದೆ. ಬೆಳ್ಳಿ, ಬೂದು ಮೆಟಾಲಿಕ್‌ನಲ್ಲಿ ಚುಕ್ಕೆ ಸ್ವಲ್ಪ ಕಪ್ಪಾಗಿ ಕಂಡೇ ಕಾಣುತ್ತದೆ. ಸ್ಪ್ರೇ ಗನ್ನಿನಲ್ಲಿ ಹೊಡೆದಾಗ ಲೋಹದ ಪುಡಿ ಮಟ್ಟಸವಾಗಿ ಮಲಗುವಂತೆ ಹನಿಯಲ್ಲಿ ಮಲಗುವುದಿಲ್ಲ. ಮುತ್ತಿನ ಹೊಳಪಿನ, ಮೂರು ಪದರದ ಪರ್ಲ್ ಬಣ್ಣ ಇನ್ನೂ ಕಷ್ಟ. ತುಕ್ಕು ತಡೆದರೆ ಸಾಕು ಎಂಬ ನಿರೀಕ್ಷೆ ಇಟ್ಟುಕೊಳ್ಳಿ.

ಕ್ಲಿಯರ್‌ಗೆ ಸಾಮಾನ್ಯ ಅನುಪಾತ ಎರಡಕ್ಕೆ ಒಂದು ಹಾರ್ಡನರ್. ಹಾರ್ಡನರ್ ಡಬ್ಬಿಯನ್ನು ತಕ್ಷಣ ಮುಚ್ಚಿ. ಗಾಳಿಯ ತೇವ ಹೀರಿ ಅದು ಮಬ್ಬಾಗುತ್ತದೆ, ಮಬ್ಬಾದದ್ದನ್ನು ಬಳಸಬೇಡಿ. ಹಾರ್ಡನರಿನಲ್ಲಿ ಉಸಿರಾಟಕ್ಕೂ ಚರ್ಮಕ್ಕೂ ಕೆಡುಕು ಮಾಡುವ ಐಸೋಸಯನೇಟ್ ಇದೆ. ಹನಿ ಹಾಕುವಾಗಲೂ ಕೈಗವಸು ಹಾಕಿ, ಬಯಲಲ್ಲಿ ಕೂತು ಮಾಡಿ. ಮನೆಯಲ್ಲಿ ಸ್ಪ್ರೇ ಮಾಡುವ ಯೋಚನೆಯೇ ಬೇಡ, ಬಟ್ಟೆಯ ಮಾಸ್ಕ್ ಇದಕ್ಕೆ ಏನೂ ಸಾಲದು. ಎರಡು ಸಲ ಹನಿಸಿ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ಉಬ್ಬಿಸಿ, ಎರಡು ದಿನ ಬಿಡಿ. ಹಾರ್ಡನರ್ ಇಲ್ಲದ 1ಕೆ ಟಚಪ್ ಬಾಟಲಿಯಾದರೆ ಒಂದು ವಾರ.

ಮಟ್ಟ ಮಾಡಲು ಪೆನ್ಸಿಲ್ಲಿನ ಹಿಂದಿನ ರಬ್ಬರನ್ನು ಚಪ್ಪಟೆಯಾಗಿ ಕತ್ತರಿಸಿ ಅದಕ್ಕೆ 2000ದ ಪೇಪರಿನ ತುಂಡು ಅಂಟಿಸುತ್ತೇನೆ. ಚುಕ್ಕೆಯ ಸುತ್ತ ಟೇಪ್ ಹಚ್ಚಿ, ಸೋಪು ನೀರು ಹಾಕಿ, ಉಬ್ಬಿನ ಮೇಲಷ್ಟೇ ಉಜ್ಜುವುದು. ನಾಲ್ಕೈದು ಸಲ ಉಜ್ಜಿ ಒರೆಸಿ ನೋಡಿ: ಉಬ್ಬು ಮಂಕಾಗಿ, ಸುತ್ತ ಹೊಳಪು ಉಳಿದಿದ್ದರೆ ಇನ್ನೂ ಜಾಗವಿದೆ. ಟೇಪ್ ಸವೆಯತೊಡಗಿದರೆ ಅಲ್ಲಿಗೆ ನಿಲ್ಲಿಸಿ, ಟೇಪ್ ತೆಗೆದು 3000ದಲ್ಲಿ ಎರಡು ಸಲ ಹಗುರಾಗಿ, ಆಮೇಲೆ ಕಾಂಪೌಂಡ್. ಬಿಸಿಲಿನ ಅತಿನೇರಳೆ ಕಿರಣ ತಡೆಯುವುದು ಕ್ಲಿಯರ್ ಪದರವೇ, ಅದನ್ನು ಸುತ್ತಮುತ್ತ ಸವೆಸಿ ಚುಕ್ಕೆ ಮರೆಮಾಡುವುದು ನಷ್ಟದ ವ್ಯಾಪಾರ.

ಹವಾಮಾನ ಕೆಟ್ಟರೆ ಕೆಲಸ ಕೆಡುತ್ತದೆ. ಮಳೆಗಾಲದಲ್ಲಿ ತಿನ್ನರ್ ಬೇಗ ಆರಿ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂತು ಬಿಳಿ ಮಬ್ಬು ಏಳುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಕಾದ ಬಾನೆಟ್ ಮೇಲೆ ಹಾಕಿದರೆ ಒಳಗಿನ ತಿನ್ನರ್ ಕುದಿದು ಸೂಜಿ ತೂತುಗಳು ಬೀಳುತ್ತವೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ, ಇಬ್ಬನಿ ಆರಿದ ಮೇಲೆ, ನೆರಳಿನಲ್ಲಿ ಮಾಡಿದ್ದು ಚೆನ್ನಾಗಿ ಬರುತ್ತದೆ. ಜೂನ್‌ನಲ್ಲಿ ಲೋಹ ಕಂಡರೆ? ಪೂರ್ತಿ ಒಣಗಿಸಿ, ಪಾರದರ್ಶಕ ಟೇಪ್ ತುಂಡು ಅಂಟಿಸಿ, ಬಿಸಿಲು ಬಿಡುವು ಕೊಟ್ಟ ದಿನ ಕೆಲಸ ಮಾಡಿ.

ಕಲ್ಲು ತಡೆಯುವುದರಲ್ಲಿ ವೇಗದ ಪಾತ್ರ ಎಲ್ಲಕ್ಕಿಂತ ದೊಡ್ಡದು. ಏಟಿನ ಶಕ್ತಿ ವೇಗದ ವರ್ಗದಂತೆ ಏರುತ್ತದೆ, 80ರಿಂದ 100ಕ್ಕೆ ಹೋದರೆ 56% ಹೆಚ್ಚು. ಜಲ್ಲಿ ತುಂಬಿದ ಟಿಪ್ಪರ್ ಹಿಂದೆ, ಶಿರಾಡಿ ಘಾಟಿಯಂಥ ಕಡೆ ಕಾಮಗಾರಿ ನಡೆಯುವಾಗ, ಹಿಂದೆ ಬಿದ್ದು ಅಂತರ ಬಿಡುವುದಕ್ಕೆ ಸಮನಾದ ಕೋಟಿಂಗ್ ಇಲ್ಲ. ಬಾಗಿಲ ಕೆಳಗಿನ ಪಟ್ಟಿಯಲ್ಲಿ ಪೇಂಟ್ ಹಾರುತ್ತಿದ್ದರೆ ಹೊಡೆಯುತ್ತಿರುವುದು ನಿಮ್ಮದೇ ಮುಂದಿನ ಚಕ್ರ, ಮಡ್ ಫ್ಲ್ಯಾಪ್ ಹಾಕಿಸಿ. ಅಗಲದ ಟಯರ್ ಹಾಕಿಸಿದವರಿಗಂತೂ ಇದು ಬೇಕೇ ಬೇಕು.

ಸೆರಾಮಿಕ್ ಕೋಟಿಂಗ್ ಮಾರುವವರು ಹೇಳುವ 9ಎಚ್ ಅನ್ನುವುದು ಪೆನ್ಸಿಲ್ ಗೀರಿನ ಪರೀಕ್ಷೆಯ ಅಂಕ. ಆ ಪದರದ ದಪ್ಪ ಒಂದೆರಡು ಮೈಕ್ರಾನ್. ತೊಳೆಯಲು ಸುಲಭ, ಹಕ್ಕಿಯ ಹಿಕ್ಕೆಗೆ ಸ್ವಲ್ಪ ತಡೆ ಸಿಗುತ್ತದೆ, ಕಲ್ಲೇಟು ತಡೆಯುವುದಿಲ್ಲ. ಅದಕ್ಕೆ ಬೇಕಾದದ್ದು 150ರಿಂದ 200 ಮೈಕ್ರಾನಿನ ಟಿಪಿಯು ಎಂಬ ಹಿಗ್ಗುವ ಪ್ಲಾಸ್ಟಿಕ್ಕಿನ ಫಿಲ್ಮ್, ಅಂದರೆ ಪೇಂಟ್ ಕಾಯಲು ಅಂಟಿಸುವ ಪಿಪಿಎಫ್. ಇಡೀ ಕಾರಿಗೆ ಬೇಡ: ಬಾನೆಟ್ಟಿನ ಮುಂಭಾಗದ ಒಂದಡಿ, ಕನ್ನಡಿಗಳ ಮುಖ, ಹಿಂಬಾಗಿಲ ಹಿಂದಿನ ಚಕ್ರದ ಕಮಾನು, ಇಷ್ಟಕ್ಕೆ ಹಾಕಿ. ಒಂದು ಲೀಟರ್ ನೀರಿಗೆ ನಾಲ್ಕೈದು ಹನಿ ಬೇಬಿ ಶಾಂಪೂ ಹಾಕಿ ಎರಡೂ ಕಡೆ ಒದ್ದೆ ಮಾಡಿ ಕೂರಿಸಿ, ನಡುವಿನಿಂದ ಅಂಚಿಗೆ ನೀರು ತಳ್ಳಿ. ಹೊಸದಾಗಿ ಪೇಂಟ್ ಮಾಡಿಸಿದ ಪ್ಯಾನಲ್ ಆದರೆ ಒಂದು ತಿಂಗಳು ಕಾಯಿರಿ, ಒಳಗಿನ ತಿನ್ನರ್ ಹೊರಬರಬೇಕು. ಹಿಡಿತ ಸರಿಯಿಲ್ಲದ ರೀಪೇಂಟಿನಿಂದ ಮುಂದೆ ಫಿಲ್ಮ್ ಕೀಳುವಾಗ ಪೇಂಟೂ ಕಿತ್ತು ಬರುತ್ತದೆ.

ಪಕ್ಕದ ಕಾರಿನ ಬಾಗಿಲು ತಾಗಿ ಬೀಳುವ ಡೆಂಟ್ ವಿಷಯ ಬೇರೆ. ಅಲ್ಲಿ ಸೋಲುವುದು ಪೇಂಟಲ್ಲ, ತಗಡು. ಹೊರ ಪ್ಯಾನಲ್ ಸುಮಾರು 0.65ರಿಂದ 0.8 ಮಿ.ಮೀ. ಅಷ್ಟೆ. ಅನೇಕ ಕಾರುಗಳಲ್ಲಿ ಬಾಗಿಲಿಗೆ ಬೇಕ್ ಹಾರ್ಡನಿಂಗ್ ಉಕ್ಕು ಬಳಸುತ್ತಾರೆ. ಪೇಂಟ್ ಬೇಯಿಸುವ ಒಲೆಯ ಶಾಖದಲ್ಲೇ ಅದರ ಬಲ ಸುಮಾರು 30ರಿಂದ 40 ಮೆಗಾಪಾಸ್ಕಲ್ ಏರುತ್ತದೆ. ಸುತ್ತಿಗೆಯಿಂದ ಬಡಿದು ಟಿಂಕರಿಂಗ್ ಮಾಡಿದರೆ ತಗಡು ಹಿಗ್ಗಿ, ಒತ್ತಿದರೆ ಟಕ್ ಎಂದು ಒಳಹೋಗಿ ಬರುವಂತಾಗುತ್ತದೆ. ಪೇಂಟ್ ಬಿರುಕು ಬಿಡದೆ ಮೆತ್ತಗೆ ತಗ್ಗಿದ್ದರೆ ಹಿಂದಿನಿಂದ ಒತ್ತಿ ತೆಗೆಯುವ ಪಿಡಿಆರ್, ಅಂದರೆ ಪೇಂಟ್ ಮಾಡದೆ ಡೆಂಟ್ ತೆಗೆಯುವ ಕೆಲಸದವರ ಬಳಿಗೇ ಹೋಗಿ. ಬಾಗಿಲ ಗೆರೆಯ ಮೇಲೆ ಚೂಪಾಗಿ ಮಡಚಿದ್ದರೆ ಅವರಿಂದಲೂ ಪೂರ್ತಿ ಆಗದು. ಕುದಿನೀರು ಹಾಕಿ ತಳ್ಳುವ ಉಪಾಯ ಪ್ಲಾಸ್ಟಿಕ್ ಬಂಪರಿಗೆ ಮಾತ್ರ.

ಇಂಥ ಡೆಂಟ್ ತಡೆಗೆ ಬಾಗಿಲ ಉದ್ದಕ್ಕೂ ಅಂಟಿಸುವ ಪಟ್ಟಿ, ಅಂದರೆ ಸೈಡ್ ಬೀಡಿಂಗ್ ಉತ್ತಮ, ಆದರೆ ಬಾಗಿಲು ಎಲ್ಲಕ್ಕಿಂತ ಹೊರಗೆ ಉಬ್ಬಿರುವ ಎತ್ತರದಲ್ಲೇ ಅದು ಕೂರಬೇಕು. ನೇರವಾದ ಪಟ್ಟಿಯೊಂದನ್ನು ಲಂಬವಾಗಿ ಹಿಡಿದು ಬಾಗಿಲಿಗೆ ತಾಗಿಸಿದರೆ ಆ ಎತ್ತರ ಗೊತ್ತಾಗುತ್ತದೆ. ಕೆಳಗೆ ಅಂದಕ್ಕೆ ಅಂಟಿಸಿದ್ದು ಯಾವ ಏಟನ್ನೂ ಹಿಡಿಯುವುದಿಲ್ಲ. ಆಲ್ಕೋಹಾಲ್‌ನಲ್ಲಿ ಒರೆಸಿ, ಅಕ್ರಿಲಿಕ್ ಫೋಮ್ ಟೇಪಿನಲ್ಲಿ ಒತ್ತಿ ಅಂಟಿಸಿ, ಮೂರು ದಿನ ಪ್ರೆಷರ್ ವಾಶ್ ಮಾಡಿಸಬೇಡಿ. ಬಾಗಿಲ ಅಂಚಿಗೆ ಸಿಕ್ಕಿಸುವ, ಒಳಗೆ ಲೋಹದ ಕ್ಲಿಪ್ ಇರುವ ಗಾರ್ಡ್‌ಗಳನ್ನು ನಾನು ಬಳಸುವುದಿಲ್ಲ: ಒಳಗೆ ಮಣ್ಣು ನೀರು ನಿಂತು, ಕ್ಲಿಪ್ ಪೇಂಟನ್ನು ಉಜ್ಜಿ, ಅಂಚಿನಿಂದಲೇ ತುಕ್ಕು ಹತ್ತುತ್ತದೆ. ಈಗಾಗಲೇ ಹಾಕಿಸಿದ್ದರೆ ಮಳೆಗಾಲಕ್ಕೆ ಮೊದಲು ಒಮ್ಮೆ ಬಿಚ್ಚಿ ನೋಡಿ, ಅಂಚನ್ನು ತೊಳೆದು ಒಣಗಿಸಿ ಒಂದಂಗುಲ ಅಗಲದ ಪಿಪಿಎಫ್ ಪಟ್ಟಿ ಮಡಚಿ ಅಂಟಿಸಿ. ಬಾಗಿಲ ತಳದ ನೀರು ಇಳಿಯುವ ತೂತುಗಳ ಮೇಲೆ ಮಾತ್ರ ಪಟ್ಟಿ ಬರದಂತೆ ಕತ್ತರಿಸಿಕೊಳ್ಳಿ.