"ಎಲ್ಲರಿಗೂ ರಕ್ಷಣೆ ಇದೆಯಾ?" ಅಂತ ಮನೆ ಕೂಟದಲ್ಲಿ ಕೇಳಿದರೆ ಹೇಗೆ ಮಾತಾಡಬೇಕು

ಒಬ್ಬ ಅಕ್ಕನ ಅಪ್ಪನ ಮಣ್ಣಾಗಿ ವಾರ ಕೂಡ ಆಗಿರಲಿಲ್ಲ. ಬೈಬಲ್ ಓದಿ ಪ್ರಾರ್ಥಿಸಲು ಸೇರುವ ನಮ್ಮ ಮನೆ ಕೂಟದಲ್ಲಿ ಆ ಅಕ್ಕ ಕಾಫಿ ಲೋಟ ಕೆಳಗಿಟ್ಟು ಕೇಳಿದರು, "ಅಪ್ಪ ಕೊನೆವರೆಗೂ ಯೇಸುವನ್ನು ನಂಬಲಿಲ್ಲ. ಈಗ ಎಲ್ಲಿದ್ದಾರೆ?" ಎಲ್ಲರಿಗೂ ರಕ್ಷಣೆ ಇದೆಯಾ, ಅಂದರೆ ನಂಬದೆ ಸತ್ತವರನ್ನೂ ದೇವರು ಕೊನೆಗೆ ಉಳಿಸುತ್ತಾನಾ ಅನ್ನುವ ಪ್ರಶ್ನೆ ಅದು. ಯಾರೋ ತಕ್ಷಣ ಬೈಬಲಿನ ಪ್ರಕಟನೆ 20 ತೆಗೆದು, ಜೀವಗ್ರಂಥದಲ್ಲಿ ಹೆಸರಿಲ್ಲದವರನ್ನು ಬೆಂಕಿಯ ಕೆರೆಗೆ ಹಾಕುವ ವಾಕ್ಯ ಓದಿದರು. ಮುಂದಿನ ವಾರ ಅಕ್ಕ ಬರಲಿಲ್ಲ. ಕೂಟ ನಡೆಸುತ್ತಿದ್ದವನು ನಾನು, ತಡೆಯಬೇಕಿತ್ತು.

ಹಾಗಾಗಿ ಮೊದಲು, ಕೇಳುತ್ತಿರುವವರು ಯಾರು ಅಂತ ನೋಡಿ. ದುಃಖದಲ್ಲಿದ್ದವರ ಹತ್ತಿರ ವಾದ ಬೇಡ. ಲೋಕಕ್ಕೆಲ್ಲ ನ್ಯಾಯ ತೀರಿಸುವವನು ನ್ಯಾಯ ತಪ್ಪುತ್ತಾನಾ ಅಂತ ಅಬ್ರಹಾಮ ದೇವರನ್ನೇ ಕೇಳಿದ್ದು ಆದಿಕಾಂಡ 18ರಲ್ಲಿದೆ. ಅಷ್ಟು ಹೇಳಿ, ತೀರಿಕೊಂಡವರ ಬಗ್ಗೆ ಕೇಳಿ, ಸುಮ್ನೆ ಕೂತು ಕೇಳಿಸಿಕೊಳ್ಳಿ.

ಚರ್ಚೆಗೆ ಅಂತಲೇ ಕೂತಾಗ ಪದಗಳಿಂದ ಶುರು ಮಾಡಿ. ಕನ್ನಡದವರಿಗೆ 'ನರಕ' ಅಂದ ಕೂಡಲೇ ಯಮನೂ ಕಾದ ಎಣ್ಣೆ ಕೊಪ್ಪರಿಗೆಯೂ ಕಣ್ಣಿಗೆ ಬರುತ್ತವೆ, ಅಲ್ವಾ? ಆದರೆ ಪುರಾಣದ ನರಕದಲ್ಲಿ ಪಾಪದ ಫಲ ತೀರಿದ ಮೇಲೆ ಜೀವ ಹೊರಗೆ ಬಂದು ಮತ್ತೆ ಹುಟ್ಟುತ್ತದೆ. ನಮ್ಮ ಸಭೆಗಳಲ್ಲಿ ಸಾರುವ ನರಕಕ್ಕೆ ಹೊರಬಾಗಿಲೇ ಇಲ್ಲ. ಪದ ಒಂದೇ, ಲೆಕ್ಕ ಬೇರೆ. ಯೇಸುವಿನ ಬಾಯಲ್ಲಿ ಬಂದ ಪದ ಗೆಹೆನ್ನ, ಅಂದರೆ ಯೆರೂಸಲೇಮಿನ ಪಕ್ಕದ ಹಿನ್ನೋಮ್ ಕಣಿವೆ. ಅಲ್ಲಿ ಜನ ತಮ್ಮ ಮಕ್ಕಳನ್ನೇ ಬೆಂಕಿಗೆ ಕೊಟ್ಟಿದ್ದರು. ಇದನ್ನು ನಾನು ಹೇಳಿರಲಿಲ್ಲ, ನನ್ನ ಮನಸ್ಸಿಗೂ ಬಂದಿರಲಿಲ್ಲ ಅಂತ ಯೆರೆಮೀಯ 7ರಲ್ಲಿ ದೇವರು ಹೇಳುತ್ತಾನೆ. ಆ ಭಾಗವನ್ನು ಕೂಟದಲ್ಲಿ ಜೋರಾಗಿ ಓದಿಸಿ. ನರಕದ ಬಗ್ಗೆ ಏನೇ ನಂಬಿದ್ದರೂ ದನಿ ಸ್ವಲ್ಪ ತಗ್ಗುತ್ತದೆ. ಬೈಬಲಿನಲ್ಲಿ 'ಪಾತಾಳ' ಅಂತ ಬರುವ ಕಡೆ ಗೆಹೆನ್ನವನ್ನು ಬೆರೆಸಬೇಡಿ. ಅದು ಹೀಬ್ರೂವಿನ ಷೆಯೋಲ್, ಸತ್ತವರ ಲೋಕ.

ಇನ್ನೊಂದು ಪದ 'ನಿತ್ಯ'. ಮತ್ತಾಯ 25:46ರಲ್ಲಿ ನಿತ್ಯದಂಡನೆ, ನಿತ್ಯಜೀವ ಎರಡೂ ಇವೆ. ಗ್ರೀಕಿನಲ್ಲಿ ಐಯೋನಿಯೊಸ್. ಅದರ ಬೇರು ಐಯೋನ್, ಯುಗ. ಎಲ್ಲರಿಗೂ ರಕ್ಷಣೆ ಅನ್ನುವವರು ಇದನ್ನು 'ಬರುವ ಯುಗದ ದಂಡನೆ' ಅಂತ ಓದುತ್ತಾರೆ. ಹಳೇ ಕಾಲದ ದೊಡ್ಡ ಸಭಾಗುರು ಅಗಸ್ಟೀನ್ ಒಪ್ಪಲಿಲ್ಲ. ಒಂದೇ ವಾಕ್ಯದಲ್ಲಿ ಒಂದೇ ಪದ, ದಂಡನೆಗೆ ಕೊನೆ ಇದ್ದರೆ ಜೀವಕ್ಕೂ ಕೊನೆ ಇರಬೇಕಲ್ಲ ಅಂದರು. ಈ ವಾದ ಹಗುರ ಅಲ್ಲ, ಹಾರಿಸಿಕೊಂಡು ಹೋಗಬೇಡಿ.

ಯಾರಾದರೂ "ಎಲ್ಲರಿಗೂ ರಕ್ಷಣೆ ಅನ್ನುವುದೆಲ್ಲ ಈಗಿನವರ ಹೊಸ ಬೋಧನೆ" ಅಂದರೆ ಇತಿಹಾಸ ಹೇಳಿ. 3ನೇ ಶತಮಾನದಲ್ಲೇ ಒರಿಗೆನ್ ಅನ್ನುವ ಕ್ರೈಸ್ತ ಪಂಡಿತರು ಕೊನೆಗೆ ಎಲ್ಲವೂ ದೇವರ ಕಡೆಗೆ ತಿರುಗುತ್ತದೆ ಅಂತ ಬರೆದರು. 553ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಬಿಷಪ್‌ಗಳ ಮಹಾಸಭೆ ಅವರನ್ನು ಹೆಸರು ಹಿಡಿದು ಶಪಿಸಿತು. ಆದರೆ 4ನೇ ಶತಮಾನದ ಬಿಷಪ್ ನಿಸ್ಸದ ಗ್ರೆಗೊರಿ ಕೂಡ ಬೆಂಕಿ ಅಂದರೆ ಚಿನ್ನದ ಕಲ್ಮಶ ತೆಗೆಯುವ ಬೆಂಕಿ ಅಂತಲೇ ಬರೆದಿದ್ದರು. ಅವರು ಇವತ್ತಿಗೂ ಸಂತರು. ನಿತ್ಯದಂಡನೆ, ಎಲ್ಲರಿಗೂ ರಕ್ಷಣೆ, ಇವೆರಡರ ನಡುವೆ ಮೂರನೇ ನಿಲುವೂ ಇದೆ: ಕೆಟ್ಟವರು ಕೊನೆಗೆ ಇಲ್ಲವಾಗುತ್ತಾರೆ, ಸದಾ ನರಳುವುದಿಲ್ಲ. ಇಂಗ್ಲೆಂಡಿನ ಹೆಸರಾಂತ ಬೋಧಕ ಜಾನ್ ಸ್ಟಾಟ್ 1988ರಲ್ಲಿ, ಖಚಿತ ಅನ್ನದೆ, ಆ ಕಡೆ ವಾಲಿದಾಗ ಅವರನ್ನು ಮೆಚ್ಚಿಕೊಂಡಿದ್ದ ಎಷ್ಟೋ ಜನ ಬೆಚ್ಚಿಬಿದ್ದರು.

ನನಗೆ ಜಾಸ್ತಿ ಕೆಲಸಕ್ಕೆ ಬಂದ ಒಂದು ನಿಯಮ ಇದೆ. ತಮಗೆ ಬೇಕಾದ ವಾಕ್ಯ ಎಲ್ಲರಿಗೂ ಬಾಯಿಪಾಠ. ಅದನ್ನು ಬಿಟ್ಟು, ತಮ್ಮ ನಿಲುವಿಗೆ ಕಷ್ಟ ಕೊಡುವ ವಾಕ್ಯವನ್ನು ಅವರವರೇ ಓದಲಿ. ನಿತ್ಯದಂಡನೆ ನಂಬುವವರು 1 ಕೊರಿಂಥ 15:22 ಓದಲಿ, ಕ್ರಿಸ್ತನಲ್ಲಿ ಎಲ್ಲರೂ ಬದುಕುವರು ಅಂತ ಅಲ್ಲಿದೆ. ಎಲ್ಲರಿಗೂ ರಕ್ಷಣೆ ಅನ್ನುವವರು ಪ್ರಕಟನೆ 20 ಓದಲಿ. "ದೇವರು ಪ್ರೀತಿಸ್ವರೂಪಿ" ಅನ್ನುವ ಮಾತು ಆಗ ತಾನಾಗಿ ಬರುತ್ತದೆ. ಒಬ್ಬರು ಪ್ರೀತಿಯಲ್ಲಿ ಬಲವಂತ ಇಲ್ಲ, ಬೇಡ ಅಂದವನನ್ನು ದೇವರು ಎಳೆದು ತರುವುದಿಲ್ಲ ಅನ್ನುತ್ತಾರೆ. ಇನ್ನೊಬ್ಬರು ಕೆಂಡಕ್ಕೆ ಕೈ ಹಾಕುವ ಮಗುವನ್ನು "ನಿನ್ನಿಷ್ಟ" ಅಂತ ಯಾವ ತಾಯಿ ಬಿಡುತ್ತಾಳೆ ಅನ್ನುತ್ತಾರೆ. ಎರಡರಲ್ಲೂ ಪ್ರೀತಿಯೇ ಇದೆ, ಅವಸರವಾಗಿ ತೀರ್ಪು ಕೊಡಬೇಡಿ. ನನ್ನನ್ನು ಕೇಳಿದರೆ, ಎಲ್ಲರೂ ಉಳಿಯಲಿ ಅಂತ ಬೇಡಿಕೊಳ್ಳಬಹುದು, ಉಳಿದೇ ಉಳಿಯುತ್ತಾರೆ ಅಂತ ಬೋಧಿಸುವ ಧೈರ್ಯ ನನಗಿಲ್ಲ.

ಸಂಡೇ ಸ್ಕೂಲ್ ಮಕ್ಕಳು ಕೇಳಿದರೆ ಬೆಂಕಿಯ ಚಿತ್ರ ತೋರಿಸಬೇಡಿ. ಲೂಕ 15 ಓದಿ, ಕುರುಬ ಕಳೆದುಹೋದ ಕುರಿಯನ್ನು ಸಿಗುವ ತನಕ ಹುಡುಕುತ್ತಾನೆ. ದೊಡ್ಡ ಮಕ್ಕಳಾದರೆ ಅಲ್ಲಿಗೆ ನಿಲ್ಲಿಸದೆ 16ನೇ ಅಧ್ಯಾಯವನ್ನೂ ಅವತ್ತೇ ಓದಿಸಿ. ಅಲ್ಲಿ ಸತ್ತ ಮೇಲೆ ಯಾತನೆಯಲ್ಲಿರುವ ಐಶ್ವರ್ಯವಂತನಿಗೂ ನೆಮ್ಮದಿಯಲ್ಲಿರುವ ಬಡವ ಲಾಜರನಿಗೂ ನಡುವೆ ಯಾರೂ ದಾಟಲಾಗದ ಕಂದರ ಇದೆ.