ಊರು ಬಿಟ್ಟು ಕೃಷಿ ಕಲಿಯಲು ಹೊರಟಿದ್ದೀರಾ? ಅರ್ಜಿ ಹೀಗೆ ಬರೆಯಿರಿ

ಮಣ್ಣು ಕೆಡಿಸದೆ ಬೆಳೆಯುವುದನ್ನು ಕಲಿಯಬೇಕು, ಜೊತೆಗೆ ಊರಿನವರನ್ನು ಕಟ್ಟಿಕೊಂಡು ಕೆಲಸ ಮಾಡುವುದನ್ನೂ ಕಲಿಯಬೇಕು ಅನ್ನುವವರಿಗಾಗಿ ವಸತಿ ಸಹಿತ ತರಬೇತಿಗಳು ಜಗತ್ತಿನ ಹಲವು ಕಡೆ ನಡೆಯುತ್ತವೆ. ಅಲ್ಲೇ ಇರಬೇಕು, ಅಲ್ಲೇ ಉಣ್ಣಬೇಕು, ಅಲ್ಲೇ ಮಣ್ಣು ಅಗೆಯಬೇಕು. ಕೆಲವು ಎರಡು ವಾರದಲ್ಲಿ ಮುಗಿಯುತ್ತವೆ, ಕೆಲವು ಹೆಚ್ಚುಕಡಿಮೆ ವರ್ಷವಿಡೀ ನಡೆಯುತ್ತವೆ. ಒಳ್ಳೆಯ ಕಡೆ ಸೀಟು ಕಡಿಮೆ.

ಅರ್ಜಿ ಹಾಕುವವರು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ. ತಮ್ಮ ಆಸಕ್ತಿ, ಕನಸು, ಓದಿನ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಕಲಿತ ಮೇಲೆ ಯಾವ ಜನರ ಬಳಿಗೆ ವಾಪಸ್ ಹೋಗುತ್ತೇನೆ ಅನ್ನುವುದಕ್ಕೆ ಮಾತ್ರ ಎರಡೇ ಸಾಲು. ಆಯ್ಕೆ ಮಾಡುವವರು ಹುಡುಕುವುದು ಆ ಎರಡು ಸಾಲನ್ನೇ.

ಯಾವ ತರಬೇತಿ ಅಂತ ಮೊದಲು ತೀರ್ಮಾನಿಸಿ

ಹೆಸರು ನೋಡಿದರೆ ಎಲ್ಲ ಒಂದೇ ಥರ ಕಾಣುತ್ತವೆ. ಒಳಗೆ ಬೇರೆ ಬೇರೆ.

ಜಪಾನಿನ ತೊಚಿಗಿ ಪ್ರಾಂತ್ಯದ ಏಷ್ಯನ್ ರೂರಲ್ ಇನ್‌ಸ್ಟಿಟ್ಯೂಟ್ 1973ರಲ್ಲಿ ಶುರುವಾಯಿತು. ಅಲ್ಲಿನ ಗ್ರಾಮೀಣ ನಾಯಕರ ತರಬೇತಿ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ, ಅಂದರೆ ಸುಮಾರು 9 ತಿಂಗಳು. ಬಿತ್ತನೆಯಿಂದ ಕೊಯ್ಲಿನವರೆಗೆ ಇಡೀ ಹಂಗಾಮು ಹೊಲದಲ್ಲೇ ಇರುತ್ತೀರಿ. ಏಷ್ಯಾ, ಆಫ್ರಿಕಾ, ಪೆಸಿಫಿಕ್ ದ್ವೀಪಗಳಿಂದ ಬಂದವರು ಒಟ್ಟಿಗೆ ಅಡುಗೆ ಮಾಡಿ ಒಟ್ಟಿಗೆ ಉಣ್ಣುತ್ತಾರೆ. ಪಾಠ ಇಂಗ್ಲಿಷ್‌ನಲ್ಲಿ. ಇದು ಈಗಾಗಲೇ ಹಳ್ಳಿ ಜನರ ನಡುವೆ ಕೆಲಸ ಮಾಡುತ್ತಿರುವವರಿಗೆ ಮಾತ್ರ. ಕಾಲೇಜು ಮುಗಿಸಿ ಮುಂದೇನು ಅಂತ ಯೋಚಿಸುತ್ತಿರುವವರಿಗಲ್ಲ.

ಬೆನಿನ್ ದೇಶದ ಪೋರ್ಟೊ-ನೊವೊ ನಗರದಲ್ಲಿ 1985ರಲ್ಲಿ ಶುರುವಾದ ಸೊಂಗಾಯ್ ಕೇಂದ್ರದ ದಾರಿ ಬೇರೆ. ಅಲ್ಲಿ ಬೆಳೆ, ಜಾನುವಾರು, ಮೀನು, ಗೊಬ್ಬರ ಅನಿಲ ಸ್ಥಾವರ ಎಲ್ಲ ಒಂದಕ್ಕೊಂದು ತಗುಲಿಕೊಂಡಿವೆ. ಒಂದರ ಕಸ ಇನ್ನೊಂದಕ್ಕೆ ಗೊಬ್ಬರ ಇಲ್ಲವೇ ಮೇವು. ಯುವಕ ಯುವತಿಯರು ಸ್ವಂತ ಕೃಷಿ ಉದ್ಯಮ ಶುರುಮಾಡಲಿ ಅನ್ನುವುದು ಅದರ ಗುರಿ. ಕೋಸ್ಟರಿಕಾದ ಅರ್ಥ್ ವಿಶ್ವವಿದ್ಯಾಲಯದ್ದು 4 ವರ್ಷದ ಪದವಿ, ಅದು ಎಳೆಯರಿಗೆ. ಪರ್ಮಾಕಲ್ಚರ್, ಅಂದರೆ ಪ್ರಕೃತಿಯನ್ನು ನೋಡಿ ಅದರಂತೆಯೇ ಹೊಲ ತೋಟ ರೂಪಿಸುವ ಪದ್ಧತಿ. ಅದರ ವಿನ್ಯಾಸದ ಕೋರ್ಸ್ 72 ಗಂಟೆಯದು. ಹಲವು ದೇಶಗಳಲ್ಲಿ ಇದನ್ನು ಎರಡು ವಾರದ ಶಿಬಿರವಾಗಿ ನಡೆಸುತ್ತಾರೆ. ಅಲ್ಲಿ ಸಾಮಾನ್ಯವಾಗಿ ಶುಲ್ಕ ಕಟ್ಟಿದರೆ ಆಯಿತು, ಆಯ್ಕೆಯ ಗೋಜು ಕಡಿಮೆ.

ಇನ್ನು 1971ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ವೂಫ್ ಜಾಲ ತರಬೇತಿಯೇ ಅಲ್ಲ. ಸಾವಯವ ತೋಟಗಳಲ್ಲಿ ಕೆಲಸ ಮಾಡಿ, ಬದಲಿಗೆ ಊಟ ವಸತಿ ಪಡೆಯುವ ವ್ಯವಸ್ಥೆ ಅದು. ಹೊಲದ ಅನುಭವವೇ ಇಲ್ಲದವರು ಅರ್ಜಿಗೆ ಮೊದಲು ಇಂಥ ಕಡೆ ಒಂದಷ್ಟು ವಾರ ಇದ್ದು ಬರುವುದು ಒಳ್ಳೆಯದು. ಅರ್ಜಿಗೆ ತೂಕ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಇದು ನಿಮಗೆ ಒಗ್ಗುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಪಟ್ಟಿಯನ್ನು ಎರಡು ಮೂರಕ್ಕೆ ಇಳಿಸಿಕೊಂಡ ಮೇಲೆ ಅಲ್ಲಿ ಕಲಿತು ಬಂದವರೊಬ್ಬರ ಜೊತೆ ಮಾತಾಡಿ. ಸಂಸ್ಥೆಗೆ ಪತ್ರ ಬರೆದು ಕೇಳಿದರೆ ಸಂಪರ್ಕ ಮಾಡಿಸಿಕೊಡಬಹುದು. "ಅಲ್ಲಿ ತುಂಬ ಕಷ್ಟ ಅನಿಸಿದ್ದು ಯಾವುದು?" ಅಂತ ಕೇಳಿ. ಮಾಹಿತಿ ಪುಸ್ತಕದಲ್ಲಿ ಇಲ್ಲದ್ದೆಲ್ಲ ಆ ಉತ್ತರದಲ್ಲಿ ಸಿಗುತ್ತದೆ.

ನಿಮ್ಮನ್ನು ಕಳಿಸುವವರು ಯಾರು?

ಸಮುದಾಯ ಅಭಿವೃದ್ಧಿಯ ಕೆಲವು ತರಬೇತಿಗಳಲ್ಲಿ ಇರುವ, ಬಹಳಷ್ಟು ಜನರಿಗೆ ಗೊತ್ತೇ ಇರದ ಷರತ್ತು ಇದು. ನೀವು ಒಬ್ಬಂಟಿಯಾಗಿ ಅರ್ಜಿ ಹಾಕುವಂತಿಲ್ಲ. ಒಂದು ಸಂಘ, ಸಹಕಾರಿ, ಸ್ವಯಂಸೇವಾ ಸಂಸ್ಥೆ ಅಥವಾ ಧಾರ್ಮಿಕ ಸಂಸ್ಥೆ ನಿಮ್ಮನ್ನು ಕಳಿಸಬೇಕು. ಮುಗಿಸಿಕೊಂಡು ಬಂದ ಮೇಲೆ ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳುತ್ತೇವೆ ಅಂತ ಬರೆದೂ ಕೊಡಬೇಕು. ಜಪಾನಿನ ಆ ಸಂಸ್ಥೆಯಲ್ಲಿ ಇದು ಕಡ್ಡಾಯ.

ಕಾರಣ ಸರಳ. ತಿಂಗಳುಗಟ್ಟಲೆ ದಾನಿಗಳ ದುಡ್ಡಿನಲ್ಲಿ ಕಲಿಸಿದ ಮೇಲೆ, ಆ ಕಲಿಕೆ ಒಂದು ಊರಿಗೆ ತಲುಪಬೇಕು ಅಲ್ವಾ? ಕಲಿತವರು ಅಲ್ಲಿಂದಲೇ ಬೇರೆ ನೌಕರಿ ಹಿಡಿದು ಹೋದರೆ ಎಲ್ಲ ನೀರುಪಾಲು.

ಹಾಗಾಗಿ ಅರ್ಜಿ ನಮೂನೆ ಕೈಗೆ ಬರುವ ಮೊದಲೇ ನಿಮ್ಮ ಸಂಸ್ಥೆಯ ಮುಖ್ಯಸ್ಥರ ಜೊತೆ ಕೂತು ಮಾತಾಡಿ. ಕೇಳಬೇಕಾದ್ದು ಇಷ್ಟು: ನಾನಿಲ್ಲದಾಗ ನನ್ನ ಕೆಲಸ ಯಾರು ನೋಡಿಕೊಳ್ಳುತ್ತಾರೆ? ಸಂಬಳ ನಿಲ್ಲುತ್ತದಾ, ಅರ್ಧ ಬರುತ್ತದಾ? ವಿಮಾನದ ಖರ್ಚಿನಲ್ಲಿ ಪಾಲು ಕೊಡುತ್ತೀರಾ? ಬಂದ ಮೇಲೆ ನನಗೆ ಯಾವ ಜವಾಬ್ದಾರಿ? ಕೊನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಅರ್ಜಿ ಟೊಳ್ಳಾಗುತ್ತದೆ. ಸುಮ್ನೆ ಮೊಹರು ಒತ್ತಿಸಿಕೊಂಡ ಪತ್ರ ಯಾವುದು, ಕೂತು ಯೋಚಿಸಿ ಬರೆದ ಪತ್ರ ಯಾವುದು ಅನ್ನುವುದು ಓದುವವರಿಗೆ ತಕ್ಷಣ ತಿಳಿಯುತ್ತದೆ.

ಮನೆಯವರ ಜೊತೆಗಿನ ಮಾತುಕತೆಯೂ ಇದೇ ಹೊತ್ತಿಗೆ ಆಗಲಿ. ಚಿಕ್ಕ ಮಕ್ಕಳಿದ್ದರೆ, ವಯಸ್ಸಾದ ಅಪ್ಪ ಅಮ್ಮ ಇದ್ದರೆ, ಆಯ್ಕೆಯಾದ ಮೇಲೆ ಹೇಳಿದರಾಯಿತು ಅಂತ ಬಿಡಬೇಡಿ.

ಪ್ರಬಂಧ: ಇಲ್ಲೇ ಜಾಸ್ತಿ ಹೊತ್ತು ಕೂರಿ

ಹೆಸರು, ವಿಳಾಸ, ಓದು ತುಂಬುವುದು ಒಂದು ಸಂಜೆಯ ಕೆಲಸ. ಅದರ ಬಗ್ಗೆ ಹೇಳುವುದೇನೂ ಇಲ್ಲ, ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಹೆಸರು ಬರೆಯಿರಿ, ಅಷ್ಟೇ. ಕಷ್ಟ ಇರುವುದು ಪ್ರಬಂಧದಲ್ಲಿ. "ನಿಮ್ಮ ಸಮುದಾಯದ ಸಮಸ್ಯೆ ಏನು, ನೀವು ಏನು ಮಾಡಿದ್ದೀರಿ, ಇಲ್ಲಿ ಏನು ಕಲಿಯಬೇಕು, ಹೋಗಿ ಏನು ಮಾಡುತ್ತೀರಿ" ಅಂತ ಸುತ್ತಿ ಬಳಸಿ ಕೇಳುವುದು ಈ ನಾಲ್ಕನ್ನೇ.

ಬಹುತೇಕ ಅರ್ಜಿಗಳು ಹೀಗೆ ಶುರುವಾಗುತ್ತವೆ:

"ನನಗೆ ಚಿಕ್ಕಂದಿನಿಂದಲೂ ಕೃಷಿಯಲ್ಲಿ ಅಪಾರ ಆಸಕ್ತಿ. ರಾಸಾಯನಿಕಗಳಿಂದ ಭೂಮಿ ಹಾಳಾಗುತ್ತಿದೆ. ಸುಸ್ಥಿರ ಕೃಷಿ ಕಲಿತು ನನ್ನ ಜನರ ಬಾಳು ಬೆಳಗಬೇಕೆಂಬುದು ನನ್ನ ಗುರಿ."

ತಪ್ಪು ಅಂತೇನೂ ಇಲ್ಲ. ಆದರೆ ಇದನ್ನು ಯಾರು ಬೇಕಾದರೂ ಬರೆಯಬಹುದು. ಇದರ ಪಕ್ಕದಲ್ಲಿ ಈ ಕಾಲ್ಪನಿಕ ಮಾದರಿಯನ್ನು ಇಟ್ಟು ನೋಡಿ:

"ನಾನು ಕೆಲಸ ಮಾಡುವ ಹಳ್ಳಿಯಲ್ಲಿ 14 ಹೆಂಗಸರ ಉಳಿತಾಯ ಗುಂಪಿದೆ. ಎರಡು ವರ್ಷದ ಹಿಂದೆ ಎಲ್ಲರೂ ಸೇರಿ ಕಾಂಪೋಸ್ಟ್ ಮಾಡಲು ಶುರುಮಾಡಿದೆವು. ಮಳೆಗಾಲದಲ್ಲಿ ಗುಂಡಿಗೆ ನೀರು ನುಗ್ಗಿ ಗೊಬ್ಬರ ಕೊಳೆತು ನಾರಿತು. 9 ಜನ ಬಿಟ್ಟುಹೋದರು. ಉಳಿದ ಐವರು ಗುಂಡಿ ಬಿಟ್ಟು, ನೆಲದ ಮೇಲೆ ರಾಶಿ ಹಾಕಿ ಚಪ್ಪರ ಕಟ್ಟಿದರು. ಅದು ಚೆನ್ನಾಗಿ ಬಂತು. ಆದರೆ ಬಿಟ್ಟುಹೋದವರನ್ನು ಮತ್ತೆ ಕರೆತರಲು ನನಗೆ ಆಗಿಲ್ಲ. ಹೊಲದಲ್ಲಿ ಏನು ಮಾಡಬೇಕು ಅನ್ನುವುದು ಅಷ್ಟಿಷ್ಟು ಗೊತ್ತು. ಒಮ್ಮೆ ಸೋತ ಗುಂಪನ್ನು ಮತ್ತೆ ಕಟ್ಟುವುದು ಹೇಗೆ ಅನ್ನುವುದು ಗೊತ್ತಿಲ್ಲ. ಅದನ್ನು ಕಲಿಯಲು ಬರಬೇಕೆಂದಿದ್ದೇನೆ."

ಎರಡನೆಯದರಲ್ಲಿ ಊರು ಕಾಣುತ್ತದೆ. ಎಷ್ಟು ಜನ, ಏನಾಯಿತು, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ ಅನ್ನುವುದು ಕಾಣುತ್ತದೆ. ಸೋತದ್ದನ್ನು ಬರೆಯಲು ಹೆದರಬೇಡಿ. ಎಲ್ಲವೂ ಸರಿಯಾಗಿದ್ದರೆ ತರಬೇತಿ ಯಾಕೆ ಬೇಕು? ಇನ್ನೊಂದು ವಿಷಯ ಗಮನಿಸಿ: ಆ ಅರ್ಜಿದಾರರು ಕೇಳಿದ್ದು ಗೊಬ್ಬರದ ವಿಧಾನವನ್ನಲ್ಲ, ಜನರನ್ನು ಸೇರಿಸುವ ವಿಧಾನವನ್ನು. ಇಂಥ ತರಬೇತಿಗಳ ಅರ್ಧ ಭಾಗ ಇರುವುದೇ ಅದಕ್ಕೆ.

"ಹೋಗಿ ಏನು ಮಾಡುತ್ತೀರಿ" ಅನ್ನುವುದಕ್ಕೆ ಮೊದಲ ಆರು ತಿಂಗಳ ಕೆಲಸ ಬರೆದರೆ ಸಾಕು. ಯಾರ ಹೊಲದಲ್ಲಿ, ಎಷ್ಟು ಜಾಗದಲ್ಲಿ, ಯಾರ ಜೊತೆ ಅಂತ. ಇಡೀ ಜಿಲ್ಲೆಯನ್ನು ಸಾವಯವ ಮಾಡುತ್ತೇನೆ ಅಂತ ಬರೆದವರನ್ನು ನಾನಂತೂ ನಂಬುವುದಿಲ್ಲ.

ಬರೆದದ್ದನ್ನು ಆ ಗುಂಪಿನ ಒಬ್ಬರಿಗೆ ಓದಿ ಹೇಳಿ. "ಹಂಗಲ್ಲ ಆಗಿದ್ದು" ಅಂತ ಅವರು ತಿದ್ದುವ ಸಾಲುಗಳೇ ಪ್ರಬಂಧದ ಜೀವ. ಕಂಪ್ಯೂಟರಿಗೆ ಹೇಳಿ ಬರೆಸಿಕೊಂಡ ನುಣ್ಣನೆಯ ಇಂಗ್ಲಿಷ್ ಬೇಡವೇ ಬೇಡ. ಸಂದರ್ಶನದಲ್ಲಿ ನಿಮ್ಮ ಮಾತಿಗೂ ಬರವಣಿಗೆಗೂ ಅಜಗಜಾಂತರ ಕಂಡರೆ ಅನುಮಾನ ಬರುತ್ತದೆ. ವ್ಯಾಕರಣದ ಸಣ್ಣಪುಟ್ಟ ತಪ್ಪಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಶಿಫಾರಸು ಪತ್ರ ಮತ್ತು ವೈದ್ಯಕೀಯ ವರದಿ

ದೊಡ್ಡ ಹುದ್ದೆಯವರ ಪತ್ರಕ್ಕೆ ಅಲೆಯಬೇಡಿ. ನೀವು ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದವರು ಬರೆದರೆ ಸಾಕು. ಅವರಿಗೆ ಮೂರು ವಾರ ಮೊದಲೇ ಹೇಳಿ, ನಿಮ್ಮ ಪ್ರಬಂಧದ ಪ್ರತಿ ಕೊಡಿ.

ಆರೋಗ್ಯದ ವಿಷಯ ಮುಚ್ಚಿಡಬೇಡಿ. ಬೆನ್ನುನೋವು, ಉಬ್ಬಸ, ಯಾವುದಾದರೂ ಅಲರ್ಜಿ, ದಿನಾ ತೆಗೆದುಕೊಳ್ಳುವ ಮಾತ್ರೆ, ಎಲ್ಲ ಬರೆಯಿರಿ. ಮಣ್ಣಿನ ಕೆಲಸವಾದ್ದರಿಂದ ಟೆಟನಸ್ ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತು ಅಂತ ವೈದ್ಯರ ಬಳಿ ವಿಚಾರಿಸಿ. ಊಟದಲ್ಲಿ ಏನು ತಿನ್ನುವುದಿಲ್ಲ, ಯಾವ ಪ್ರಾಣಿಯ ಕೆಲಸ ಮಾಡಲಾರಿರಿ ಅನ್ನುವುದನ್ನೂ ಈಗಲೇ ತಿಳಿಸಿ. ಹಂದಿ, ಕೋಳಿ ಸಾಕುವ ಕಡೆ ಹೋಗಿ ಮೊದಲ ದಿನ ಹಿಂಜರಿದರೆ ಇಬ್ಬರಿಗೂ ಕಷ್ಟ.

ದುಡ್ಡಿನ ಲೆಕ್ಕ

ವಿದ್ಯಾರ್ಥಿವೇತನ ಅಂದ ಕೂಡಲೇ ಎಲ್ಲ ಪುಕ್ಕಟೆ ಅಂದುಕೊಳ್ಳಬೇಡಿ. ಬೋಧನಾ ಶುಲ್ಕ, ಊಟ, ವಸತಿ ಸಂಸ್ಥೆಯದಾಗಿದ್ದು ಪ್ರಯಾಣದ ಒಂದು ಪಾಲು ನಿಮ್ಮದೋ, ನಿಮ್ಮನ್ನು ಕಳಿಸುವ ಸಂಸ್ಥೆಯದೋ ಆಗಿರಬಹುದು. ಪಾಸ್‌ಪೋರ್ಟ್, ವೀಸಾ, ವೈದ್ಯಕೀಯ ತಪಾಸಣೆ, ಕಾಗದಪತ್ರದ ಅನುವಾದ, ವಿಮೆ, ಬೆಚ್ಚನೆಯ ಬಟ್ಟೆ, ಕೆಲಸದ ಬೂಟು, ಕೈಖರ್ಚು: ಒಂದೊಂದನ್ನೂ ಕಾಗದದಲ್ಲಿ ಬರೆದು, ಎದುರಿಗೆ ಯಾರು ಕೊಡುತ್ತಾರೆ ಅಂತ ಗುರುತು ಹಾಕಿ. ಖಾಲಿ ಉಳಿದದ್ದರ ಬಗ್ಗೆ ತರಬೇತಿ ಕೊಡುವ ಸಂಸ್ಥೆಗೇ ಪತ್ರ ಬರೆದು ಕೇಳಿ. ಕೇಳಿದರೆ ಕೆಟ್ಟದಾಗಿ ತಿಳಿಯುತ್ತಾರೆ ಅನ್ನುವ ಸಂಕೋಚ ಬೇಡ.

"ನಿಮಗೆ ಸೀಟು ಖಾತ್ರಿ ಮಾಡಿಸುತ್ತೇನೆ" ಅಂತ ದುಡ್ಡು ಕೇಳುವ ಮಧ್ಯವರ್ತಿಗಳು ಸಿಕ್ಕರೆ ದೂರ ಇರಿ. ಅರ್ಜಿ ಯಾವಾಗಲೂ ನೇರವಾಗಿ ಸಂಸ್ಥೆಗೇ ಹೋಗಲಿ.

ಸಂದರ್ಶನ

ಈಗ ಹೆಚ್ಚಾಗಿ ವಿಡಿಯೋ ಕರೆಯಲ್ಲೇ ನಡೆಯುತ್ತದೆ. ಬೇರೆ ದೇಶವಾದರೆ ಸಮಯದ ವ್ಯತ್ಯಾಸ ಎರಡು ಸಲ ಲೆಕ್ಕ ಹಾಕಿ. ಪ್ರಬಂಧದಲ್ಲಿ ಬರೆದದ್ದರ ಮೇಲೆಯೇ ಕೆದಕಿ ಕೇಳುತ್ತಾರೆ: ಆ ಒಂಬತ್ತು ಜನ ಯಾಕೆ ಬಿಟ್ಟರು? ನೀವು ಅವರ ಮನೆಗೆ ಹೋಗಿ ಕೇಳಿದಿರಾ?

ಇನ್ನೊಂದು ಬಗೆಯ ಪ್ರಶ್ನೆಗೂ ಸಿದ್ಧರಾಗಿ. "ನಿಮ್ಮ ಕೋಣೆಯಲ್ಲಿ ಇರುವವರ ಜೊತೆ ಜಗಳವಾದರೆ?" "ನಿಮಗಿಂತ ಚಿಕ್ಕವರು ನಿಮಗೆ ಕೆಲಸ ಹೇಳಿದರೆ?" ಇವು ತಮಾಷೆಯ ಪ್ರಶ್ನೆಗಳಲ್ಲ. ಬೆಳಗಿನ ತಿಂಡಿಗೆ ಮೊದಲೇ ಕೊಟ್ಟಿಗೆ ಕೆಲಸ, ಆಮೇಲೆ ತರಗತಿ, ಸಂಜೆ ಮತ್ತೆ ಹೊಲ, ಸರದಿಯ ಪ್ರಕಾರ ಅಡುಗೆ ಮನೆ. ಹೀಗೆ ತಿಂಗಳುಗಟ್ಟಲೆ ಅಪರಿಚಿತರ ಜೊತೆ ಬದುಕುವಾಗ ಬೆಳೆಗಿಂತ ಮನುಷ್ಯರೇ ಜಾಸ್ತಿ ತೊಂದರೆ ಕೊಡುವುದು. "ನಾನು ಯಾರ ಜೊತೆಗೂ ಜಗಳ ಆಡುವುದಿಲ್ಲ" ಅಂದರೆ ಯಾರೂ ನಂಬುವುದಿಲ್ಲ. ನಿಜವಾಗಿ ನಡೆದ ಒಂದು ಮನಸ್ತಾಪ, ಅದನ್ನು ಹೇಗೆ ನಿಭಾಯಿಸಿದಿರಿ ಅನ್ನುವುದನ್ನು ಹೇಳಿ.

ಉತ್ತರ ಬಂದ ಮೇಲೆ

ಆಯ್ಕೆಯಾದರೆ ಮರುದಿನವೇ ಒಪ್ಪಿಗೆ ಪತ್ರ ಕಳಿಸಿ, ವೀಸಾ ಕೆಲಸಕ್ಕೆ ಕೈಹಾಕಿ. ತಡವಾಗುವುದು ಇಲ್ಲೇ. ಉದಾಹರಣೆಗೆ ಜಪಾನಿಗೆ ದೀರ್ಘಾವಧಿ ತರಬೇತಿಗೆ ಹೋಗುವವರಿಗೆ ಅಲ್ಲಿನ ವಲಸೆ ಇಲಾಖೆಯ ಅರ್ಹತಾ ಪ್ರಮಾಣಪತ್ರ ಮೊದಲು ಬರಬೇಕು. ಕರೆಸಿಕೊಳ್ಳುವ ಸಂಸ್ಥೆ ನಿಮ್ಮ ಪರವಾಗಿ ಅದಕ್ಕೆ ಅರ್ಜಿ ಹಾಕುತ್ತದೆ. ಅದಕ್ಕೆ ಸಾಮಾನ್ಯವಾಗಿ 1ರಿಂದ 3 ತಿಂಗಳು ಹಿಡಿಯುತ್ತದೆ. ಅದು ಕೈಗೆ ಬಂದ ಮೇಲಷ್ಟೇ ವೀಸಾ. ಪಾಸ್‌ಪೋರ್ಟ್ ಅವಧಿ ತರಬೇತಿ ಮುಗಿದ ಮೇಲೂ ಕನಿಷ್ಠ 6 ತಿಂಗಳು ಉಳಿದಿದ್ದರೆ ತಲೆನೋವು ಕಡಿಮೆ. ವೀಸಾ ಸಿಗುವವರೆಗೆ ವಾಪಸ್ ಮಾಡಲಾಗದ ಟಿಕೆಟ್ ಕೊಳ್ಳಬೇಡಿ.

ಆಯ್ಕೆಯಾಗಲಿಲ್ಲವಾ? ಧನ್ಯವಾದ ಹೇಳಿ, ಯಾವ ಅಂಶ ಕಡಿಮೆಯಾಯಿತು ಅಂತ ಒಂದೇ ಸಾಲಿನಲ್ಲಿ ಕೇಳಿ. ಎಲ್ಲರೂ ಉತ್ತರ ಕೊಡುವುದಿಲ್ಲ, ಕೆಲವರು ಕೊಡುತ್ತಾರೆ. "ಇನ್ನೂ ಸ್ವಲ್ಪ ಅನುಭವ ಬೇಕು" ಅಂದರೆ ಮುಂದಿನ ವರ್ಷದ ಅರ್ಜಿಗೆ ಈಗಿನಿಂದಲೇ ಒಂದು ನೋಟ್‌ಬುಕ್ ಇಡಿ. ಗುಂಪಿನ ಸಭೆಗೆ ಎಷ್ಟು ಜನ ಬಂದರು, ಯಾವ ಬೀಜ ಹಾಕಿದಿರಿ, ಎಷ್ಟು ಮೊಳಕೆ ಬಂತು, ಯಾರು ಯಾಕೆ ಬಿಟ್ಟರು ಅಂತ ದಿನಾಂಕ ಹಾಕಿ ಬರೆಯುತ್ತಾ ಹೋಗಿ. ಹಳೆಯ ಪ್ರಬಂಧವನ್ನು ಹಾಗೆಯೇ ಮತ್ತೆ ಕಳಿಸಬೇಡಿ, ಅವರ ಬಳಿ ಹಿಂದಿನ ಪ್ರತಿ ಇರಬಹುದು.